ಅದೇ ಬೇರಿನ ಮೇಲೆ ಮೂರು ಸಲ ಬಿದ್ದೆ, ಏನು ಮಾಡಲಿ? (ಸೈಕಲ್ ಕೋಚ್ ಜೊತೆ ಪ್ರಶ್ನೋತ್ತರ)

ಪ್ರಶ್ನೆ (ಶಿರಸಿ ಹತ್ತಿರದ ಹಳ್ಳಿಯಿಂದ):
ಸರ್, ನಮಸ್ಕಾರ. ವಯಸ್ಸು 34, ತೂಕ 72 ಕೆಜಿ. ಎಂಟು ತಿಂಗಳ ಹಿಂದೆ ಹಾರ್ಡ್‌ಟೇಲ್ ತಗೊಂಡೆ, ಅಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಬೆಟ್ಟದ ಸೈಕಲ್. ಮುಂದೆ 120 ಎಂಎಂ ಕುಗ್ಗುವ ಫೋರ್ಕ್, 29 ಇಂಚಿನ ಚಕ್ರ, ಟ್ಯೂಬ್ ಇರುವ ಟೈರ್. ಡಾಂಬರು ರಸ್ತೆಯಲ್ಲಿ ದೇವಿಮನೆ ಘಟ್ಟ ಇಳಿದು ಮತ್ತೆ ಹತ್ತಿ ಬರುತ್ತೇನೆ, ದಮ್ಮಿಗೆ ಕೊರತೆ ಇಲ್ಲ. ತೊಂದರೆ ಇರೋದು ಮನೆ ಹಿಂದಿನ ಸೊಪ್ಪಿನ ಬೆಟ್ಟದಲ್ಲಿ. ಅಲ್ಲಿಂದ ತೋಟಕ್ಕೆ ಇಳಿಯುವ ಕಾಲುದಾರಿ ತುಂಬ ಇಳಿಜಾರು. ದಾರಿಗೆ ಅಡ್ಡ ಬೇರು, ಬೇರಿನ ಮೇಲೆ ದರಕು (ಒಣಗಿದ ಎಲೆ), ಆಮೇಲೆ ಒಂದು ಎಡ ತಿರುವು, ತಿರುವು ಮುಗಿದ ಕೂಡಲೇ ಹಳ್ಳ ದಾಟುವ ಸಂಕ (ಮರದ ಕಾಲುಸೇತುವೆ). ಅದೇ ಒಂದು ಬೇರಿನ ಮೇಲೆ ಮೂರು ಸಲ ಬಿದ್ದೆ. ಮೂರೂ ಸಲ ಮುಂದಿನ ಚಕ್ರವೇ ಪಕ್ಕಕ್ಕೆ ಜಾರಿದ್ದು. ವಿಡಿಯೋ ನೋಡಿ ಸೀಟಿನ ಹಿಂದಕ್ಕೆ ಜಗ್ಗಿ ಇಳಿಯುತ್ತೇನೆ, ಆದರೂ ಅದೇ ಕಥೆ. ಟೈರ್ ಬದಲಿಸಲಾ? ಫುಲ್ ಸಸ್ಪೆನ್ಷನ್ ತಗೊಳ್ಳಲಾ? ಮನೆಯಲ್ಲಿ ಆ ಮಾತೆತ್ತಿದರೆ ಇದನ್ನೂ ಮಾರಿಬಿಡುತ್ತಾರೆ.

ಕೋಚ್:
ಮಾರಾಯ್ರೆ, ಮನೆಯವರಿಗೆ ಏನೂ ಹೇಳಬೇಡಿ. ಸೈಕಲ್ ಸಾಕು. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ: ಹಿಂದಕ್ಕೆ ಜಗ್ಗಿ ಇಳಿಯುತ್ತೀರಿ. ಹಿಂದೆ ಹೋದಷ್ಟೂ ಮುಂದಿನ ಚಕ್ರದ ಮೇಲಿನ ಭಾರ ಹೋಯಿತು. ಭಾರ ಇಲ್ಲದ ಟೈರ್ ನೆಲ ಹಿಡಿಯೋದಿಲ್ಲ. ಅದರ ಜೊತೆಗೆ ಕೈ ಪೂರ್ತಿ ಚಾಚಿರುತ್ತೆ, ಹ್ಯಾಂಡಲ್ ತಿರುಗಿಸೋಕೂ ಆಗಲ್ಲ.

ಸೀಟು ಇಳಿಸಿ. ಡ್ರಾಪರ್ (ಗುಂಡಿ ಒತ್ತಿದರೆ ಸೀಟು ಇಳಿಸುವ ಕಂಬ) ಇಲ್ಲದಿದ್ದರೆ ಬೆಟ್ಟದ ತುದಿಯಲ್ಲಿ ನಿಂತು ಕೈಯಲ್ಲೇ ಇಳಿಸಿ, ಅರ್ಧ ನಿಮಿಷದ ಕೆಲಸ. ಎರಡೂ ಪೆಡಲ್ ಒಂದೇ ಮಟ್ಟಕ್ಕೆ ತಂದು ಎದ್ದು ನಿಲ್ಲಿ. ಹಿಮ್ಮಡಿ ಸ್ವಲ್ಪ ಕೆಳಗೆ. ಸೊಂಟದಲ್ಲಿ ಬಗ್ಗಿ, ಎದೆ ತಗ್ಗಿಸಿ, ಮೊಣಕೈ ಹೊರಗೆ. ಯಕ್ಷಗಾನದಲ್ಲಿ ವೇಷಧಾರಿ ಮಂಡಿ ಬಗ್ಗಿಸಿ ನಿಲ್ಲುತ್ತಾರಲ್ಲ, ಕಾಲಿನ ಮಟ್ಟಿಗೆ ಹಾಗೇ. ಭಾರವೆಲ್ಲ ಪಾದದಲ್ಲಿರಬೇಕು. ಸರಿಯಾಗಿದೆಯಾ ಅಂತ ನೋಡೋಕೆ ಹ್ಯಾಂಡಲ್ ಮೇಲೆ ಹಾರ್ಮೋನಿಯಂ ನುಡಿಸಿದ ಹಾಗೆ ಬೆರಳಾಡಿಸಿ. ಆಡಿದರೆ ಸರಿ ಇದೆ. ಬೆರಳು ಬಿಗಿದಿದ್ದರೆ ನೀವು ಹ್ಯಾಂಡಲ್ಲಿಗೆ ಜೋತು ಬಿದ್ದಿದ್ದೀರಿ ಅಥವಾ ಅದರ ಮೇಲೆ ಒರಗಿದ್ದೀರಿ.

ಈಗ ಬೇರಿನ ವಿಷಯ. ಟೈರಿನ ಹಿಡಿತ ಅನ್ನೋದು ಕೈಯಲ್ಲಿರುವ ಒಂದೇ ದುಡ್ಡಿನ ಗಂಟು ಇದ್ದ ಹಾಗೆ. ಬ್ರೇಕಿಗೂ ಅದರಿಂದಲೇ ಖರ್ಚು, ತಿರುವಿಗೂ ಅದರಿಂದಲೇ. ಒದ್ದೆ ಬೇರಿನ ಮೇಲೆ ಆ ಗಂಟೇ ಚಿಕ್ಕದು. ಅಲ್ಲಿ ನೀವು ಬ್ರೇಕೂ ಹಿಡಿದು, ಹ್ಯಾಂಡಲನ್ನೂ ಎಡಕ್ಕೆ ಎಳೆದರೆ ಚಕ್ರ ಜಾರದೆ ಇನ್ನೇನು ಮಾಡುತ್ತೆ? ವೇಗವನ್ನೆಲ್ಲ ಬೇರು ಬರುವ ಮುಂಚೆ, ಗಟ್ಟಿ ಮಣ್ಣಿನ ಮೇಲೆ ಇಳಿಸಿ. ಬೇರಿನ ಮೇಲೆ ಚಕ್ರ ಇರುವ ಆ ಒಂದು ಕ್ಷಣ ಬ್ರೇಕ್ ಪೂರ್ತಿ ಬಿಡಿ. ಬೇರನ್ನು ನೇರ ಅಡ್ಡಕ್ಕೆ ದಾಟಿ, ಓರೆಯಾಗಿ ಬೇಡ. ದಾಟಿದ ಮೇಲೆ ತಿರುಗಿ.

ಒಂದು ಕೆಲಸ ಮಾಡಿ. ನಾಳೆ ಸೈಕಲ್ ಬಿಟ್ಟು ನಡೆದು ಹೋಗಿ, ದರಕು ಸರಿಸಿ ಬೇರನ್ನು ನೋಡಿ. ಪಾಚಿ ಕಿತ್ತು ಕಂದು ಬಣ್ಣ ಕಾಣುವ ಗೆರೆ ಇರುತ್ತೆ, ನಿಮ್ಮ ಟೈರಿನದ್ದೇ. ಆ ಗೆರೆ ಬೇರಿನ ಉದ್ದಕ್ಕೆ ಓರೆಯಾಗಿ ಎಳೆದಿದ್ದರೆ ನನ್ನ ಮಾತು ನಿಜ.

ಸಂಕ ಮಾತ್ರ ಇಳಿದು ದಾಟಿ. ಮಳೆಗಾಲ ಕಂಡ ಅಡಿಕೆ ಮರದ ಸಂಕ ಸೋಪು ಸವರಿದ ಹಾಗಿರುತ್ತೆ. ಎರಡು ವರ್ಷದ ಹಿಂದೆ ಜಂಬ ಮಾಡಿ ಹಳ್ಳಕ್ಕೆ ಬಿದ್ದು ಕಾಲರ್ ಬೋನ್ ಮುರಿದುಕೊಂಡೆ. ನೀರು ಮೊಣಕಾಲಷ್ಟೇ ಇತ್ತು. ಎತ್ತಲು ಬಂದವರು ಮೊದಲು ಸೈಕಲ್ ಎತ್ತಿದರು.

ಪ್ರಶ್ನೆ (ಅದೇ ಶಿರಸಿಯವರು):
ಬ್ರೇಕ್ ಬಿಡಿ ಅಂತ ಹೇಳೋದು ಸುಲಭ ಸರ್. ಅಲ್ಲಿ ಕೈ ತಾನಾಗೇ ಬಿಗಿಯುತ್ತೆ. ಹೆದರಿಕೆಗೆ ಏನು ಮದ್ದು?

ಕೋಚ್:
ಮದ್ದು ಅಂಗಳದಲ್ಲಿದೆ. ಬೆಟ್ಟ ಪರೀಕ್ಷೆ ಬರೆಯುವ ಜಾಗ, ಪಾಠ ಕಲಿಯುವ ಜಾಗ ಅಲ್ಲ. ನನ್ನ ಹತ್ತಿರ ಬರುವ ಮುಕ್ಕಾಲು ಜನ ಇಲ್ಲೇ ಎಡವುತ್ತಾರೆ.

ಎರಡು ಅಡಿಕೆ ದಬ್ಬೆಗಳನ್ನು (ಸೀಳಿದ ಅಡಿಕೆ ಮರದ ಪಟ್ಟಿ) ಒಂದು ಗೇಣು ಅಂತರದಲ್ಲಿ ಉದ್ದಕ್ಕೆ ಇಡಿ. ನಡುವೆ ಆದಷ್ಟೂ ನಿಧಾನ ಹೋಗಿ, ಯಾರು ಎಲ್ಲರಿಗಿಂತ ಕೊನೆಗೆ ಮುಟ್ಟುತ್ತಾರೋ ಅವರೇ ಗೆದ್ದರು ಅನ್ನೋ ಹಾಗೆ. ಹತ್ತು ದಿನ ಅದೇ. ಆಮೇಲೆ ಸುಣ್ಣದಲ್ಲಿ ಒಂದು ಗೆರೆ ಎಳೆದು, ಗೆರೆ ಮುಟ್ಟುವ ಮುಂಚೆ ಬ್ರೇಕ್ ಹಿಡಿದು, ಗೆರೆ ಮೇಲೆ ಬಿಡುವುದನ್ನು ಮಾಡಿ. ತೋರುಬೆರಳು ಒಂದೇ ಸಾಕು, ಡಿಸ್ಕ್ ಬ್ರೇಕಿಗೆ ನಾಲ್ಕು ಬೆರಳು ಬೇಡ. ಮುಂದಿನ ಬ್ರೇಕಿಗೆ ಹೆದರಬೇಡಿ, ನಿಲ್ಲಿಸುವ ಶಕ್ತಿ ಜಾಸ್ತಿ ಇರೋದು ಅದರಲ್ಲೇ. ಥಟ್ಟನೆ ಹಿಡಿಯಬೇಡಿ, ನಿಂಬೆಹಣ್ಣು ಹಿಂಡಿದ ಹಾಗೆ ಹಿಡಿಯಿರಿ. ಕೊನೆಗೆ ಒಂದು ತೆಂಗಿನಕಾಯಿ ಸಿಪ್ಪೆ ಇಟ್ಟು ಅದರ ಮೇಲೆ ಮುಂದಿನ ಚಕ್ರ ಎತ್ತಿ ದಾಟಿ. ಕೈಯಿಂದ ಎಳೆದು ಎತ್ತೋದಲ್ಲ. ಮೊದಲು ಎದೆ ತಗ್ಗಿಸಿ ಫೋರ್ಕ್ ಅದುಮಿ, ಅದು ಎದ್ದು ಬರುವಾಗ ಸೊಂಟ ಹಿಂದಕ್ಕೆ ತಳ್ಳಿ.

ಅಡಿಕೆ ಒಣಗಿಸುವ ಕಾಲದಲ್ಲಿ ಅಂಗಳ ಸಿಗೋದಿಲ್ಲ. ಆಗ ಬೇಣಕ್ಕೆ ಹೋಗಿ, ಹುಲ್ಲಿನ ಮೇಲೆ ಬಿದ್ದರೂ ನೋವು ಕಮ್ಮಿ.

ಇನ್ನೊಂದು, ಕಣ್ಣು. ಅಡಿಕೆ ಕೊನೆ ಕೊಯ್ಯುವ ಕೊನೆಗೌಡ ಒಂದು ಮರದಿಂದ ಇನ್ನೊಂದಕ್ಕೆ ದಾಟುವಾಗ ಗಮನಿಸಿ. ಕೈ ಈ ಮರದಲ್ಲಿದ್ದಾಗಲೇ ಕಣ್ಣು ಆ ಮರದಲ್ಲಿರುತ್ತೆ. ನೀವು ಬೇರನ್ನೇ ನೋಡುತ್ತಾ ಹೋದರೆ ಬೇರಿಗೇ ಹೋಗುತ್ತೀರಿ. ಬೇರನ್ನು ದೂರದಿಂದಲೇ ನೋಡಿ ಮುಗಿಸಿ, ಹತ್ತಿರ ಬಂದಾಗ ಕಣ್ಣು ತಿರುವಿನ ಆಚೆ ಇರಲಿ.

ಪ್ರಶ್ನೆ (ಕುಮಟಾ):
ನಡುವೆ ಬಾಯಿ ಹಾಕ್ತಿದ್ದೇನೆ. ಟೈರಿಗೆ ಗಾಳಿ ಎಷ್ಟು? ಪಂಕ್ಚರ್ ಅಂಗಡಿಯವರು 50 ಪಿಎಸ್‌ಐ ತುಂಬಿಸಿ ಕಳಿಸಿದ್ದಾರೆ. ಗೋಕರ್ಣದ ಗುಡ್ಡದ ಮೇಲೆ ಚಿರೇಕಲ್ಲಿನ ದಾರಿಯಲ್ಲಿ ಸೈಕಲ್ ಕುಪ್ಪಳಿಸುತ್ತೆ.

ಕೋಚ್:
50 ಡಾಂಬರಿಗೆ ಆಗಬಹುದು, ಕಲ್ಲಿಗಲ್ಲ. ಟೈರ್ ಕಲ್ಲನ್ನು ಅಪ್ಪಿಕೊಂಡು ಹೋಗಬೇಕು. ಎಪ್ಪತ್ತು ಕೆಜಿ ಆಸುಪಾಸಿನವರು, 2.25 ಇಂಚಿನ ಟೈರ್, ಒಳಗೆ ಟ್ಯೂಬ್ ಇದ್ದರೆ ಮುಂದೆ 26, ಹಿಂದೆ 29ರಿಂದ ಶುರು ಮಾಡಿ. ಟ್ಯೂಬ್‌ಲೆಸ್ ಆದರೆ ಇನ್ನೂ ಮೂರು-ನಾಲ್ಕು ಇಳಿಸಬಹುದು. ಟ್ಯೂಬಿನಲ್ಲಿ ಅಕ್ಕಪಕ್ಕ ಹಾವು ಕಚ್ಚಿದ ಹಾಗೆ ಎರಡು ತೂತು ಬಿದ್ದರೆ ಗಾಳಿ ಕಮ್ಮಿಯಾಯಿತು ಅಂತ ಅರ್ಥ, ಎರಡು ಪಿಎಸ್‌ಐ ಏರಿಸಿ.

ಚಿರೇಕಲ್ಲು ಒಣಗಿದ್ದಾಗ ಉಪ್ಪು ಕಾಗದದ ಹಾಗೆ ಹಿಡಿಯುತ್ತೆ. ಮೋಸ ಮಾಡೋದು ಅದರ ಮೇಲೆ ಉದುರಿದ ಉರುಟು ಹರಳು, ಗೋಲಿ ಮೇಲೆ ಓಡಿಸಿದ ಹಾಗೆ. ಅಲ್ಲಿ ಮೈ ನೆಟ್ಟಗಿಟ್ಟು ಸೈಕಲ್ ಮಾತ್ರ ವಾಲಿಸಿ, ಹೊರಗಿನ ಪೆಡಲ್ ಕೆಳಗೆ ತುಳಿದು ತಿರುಗಿ. ಕುಡ್ಲೆಯಿಂದ ಓಂ ಬೀಚ್ ಕಡೆಯ ದಾರಿಯಲ್ಲಿ ನಡೆಯುವವರು ಜಾಸ್ತಿ. ಜನ ಎದುರಾದರೆ ನಾವೇ ಇಳಿದು ನಿಲ್ಲಬೇಕು.

ಪ್ರಶ್ನೆ (ಕಾರವಾರ):
ಅಣ್ಣಾ, ನನ್ನ ಎತ್ತರ ಐದಡಿ, ಬೆರಳು ಚಿಕ್ಕದು. ಒಂದು ಬೆರಳಲ್ಲಿ ಬ್ರೇಕ್ ಲಿವರ್ ಎಟುಕೋದೇ ಇಲ್ಲ. ಅಂಗಡಿಯಲ್ಲಿ ಕೇಳಿದರೆ ಲೇಡೀಸ್ ಸೈಕಲ್ ತಗೊಳ್ಳಿ ಅಂದರು.

ಕೋಚ್:
ಅವರ ಮಾತು ಅಲ್ಲೇ ಬಿಡಿ. ಹೈಡ್ರಾಲಿಕ್ ಲಿವರುಗಳಲ್ಲಿ ಸಾಮಾನ್ಯವಾಗಿ ಒಂದು ಚಿಕ್ಕ ಸ್ಕ್ರೂ ಇರುತ್ತೆ, ಹೆಚ್ಚಿನವಕ್ಕೆ 2 ಅಥವಾ 2.5 ಎಂಎಂ ಅಲೆನ್ ಕೀ ಸಾಕು. ತಿರುಗಿಸಿದರೆ ಲಿವರ್ ಹ್ಯಾಂಡಲ್ ಹತ್ತಿರ ಬರುತ್ತೆ. ಆಮೇಲೆ ಲಿವರಿನ ಕ್ಲ್ಯಾಂಪ್ ಸಡಿಲಿಸಿ ಅಂಗುಲದಷ್ಟು ಒಳಕ್ಕೆ ಸರಿಸಿ, ತೋರುಬೆರಳು ಲಿವರಿನ ತುದಿಯ ಕೊಕ್ಕೆಗೆ ಕೂರಬೇಕು. ಎರಡೂ ಸೇರಿ ಐದು ನಿಮಿಷ. ಆಮೇಲೂ ಎಟುಕದಿದ್ದರೆ ಲಿವರಿನ ಫೋಟೋ ಹಾಕಿ.

ಪ್ರಶ್ನೆ (ಸಿದ್ದಾಪುರ):
ಮಳೆಗಾಲದಲ್ಲಿ ಹೊಡೆಯಬಹುದಾ? ದಾಂಡೇಲಿ ಕಡೆ ಕಾಡಲ್ಲಿ ಒಳ್ಳೆ ದಾರಿ ಇದೆ ಅಂತಾರಲ್ಲ?

ಕೋಚ್:
ಜೂನ್-ಜುಲೈಯಲ್ಲಿ ನಾನು ಬೆಟ್ಟಕ್ಕೆ ಹೋಗೋದಿಲ್ಲ. ಉಂಬಳಕ್ಕೆ (ಜಿಗಣೆಗೆ) ಹೆದರಿ ಅಲ್ಲ. ಮೆತ್ತಗಿನ ಮಣ್ಣಿನಲ್ಲಿ ಟೈರಿನ ಗೆರೆ ಬಿದ್ದರೆ ನೀರು ಅದೇ ಗೆರೆ ಹಿಡಿದು ಇಳಿಯುತ್ತೆ, ಮುಂದಿನ ವರ್ಷ ಅಲ್ಲಿ ದಾರಿ ಇರಲ್ಲ, ಕೊರಕಲು ಇರುತ್ತೆ. ಸೊಪ್ಪು ತರುವವರಿಗೂ ಅದೇ ದಾರಿ ಬೇಕಲ್ವಾ. ಕೆಂಪು ಕೆಸರು ಬ್ರೇಕ್ ಪ್ಯಾಡನ್ನೂ ಬೇಗ ತಿನ್ನುತ್ತೆ. ಮಳೆಯಲ್ಲಿ ಹೊಡೆಯಲೇಬೇಕು ಅಂದರೆ ಮೆಟಲ್ ಪ್ಯಾಡ್ ಹಾಕಿ, ರೆಸಿನ್‌ಗಿಂತ ಜಾಸ್ತಿ ಬಾಳುತ್ತೆ. ನಿಮ್ಮ ಡಿಸ್ಕ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಬರೆದಿದ್ದರೆ ಹಾಕಬೇಡಿ.

ದಾಂಡೇಲಿ, ಅಣಶಿ ಎರಡೂ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಅನುಮತಿ ಇಲ್ಲದೆ ಒಳಗೆ ಹೋಗೋದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬೇರೆಯವರ ಬೆಟ್ಟವಾದರೆ ಒಂದು ಮಾತು ಕೇಳಿ ಹೋಗಿ, ದಾಟಿದ ಮೇಲೆ ಬೇಲಿಯ ದಣಪೆ (ಗೇಟು) ಹಾಕಿ. ಒಮ್ಮೆ ತೆರೆದಿಟ್ಟು ಬಂದಿದ್ದೆ, ದನ ಗದ್ದೆಗೆ ನುಗ್ಗಿತು. ಆ ಮನೆಯವರು ಇವತ್ತಿಗೂ ನನ್ನ ಹತ್ತಿರ ಮಾತಾಡೋದಿಲ್ಲ.

ಮೂರು ವಾರದ ನಂತರ (ಶಿರಸಿಯವರು):
ಸರ್, ಬೇರು ದಾಟಿದೆ! ಗೆರೆ ನೀವು ಹೇಳಿದ ಹಾಗೆ ಓರೆಯಾಗೇ ಇತ್ತು. ಈಗ ನೇರ ಹೋಗುತ್ತೇನೆ, ಸಂಕದ ಹತ್ತಿರ ಇಳಿಯುತ್ತೇನೆ. ಆದರೆ ನಿನ್ನೆ ಅಂಗಳದಲ್ಲಿ ದಬ್ಬೆ ನಡುವೆ ನಿಧಾನ ಹೋಗುವಾಗ ಸೀದಾ ತುಳಸಿಕಟ್ಟೆಗೆ ಗುದ್ದಿದೆ. ಅಮ್ಮ ಎರಡು ದಿನ ಸೈಕಲ್ ಮುಟ್ಟಬಾರದು ಅಂದಿದ್ದಾರೆ.

ಕೋಚ್:
ಗುದ್ದುವ ಮುಂಚೆ ಏನು ನೋಡ್ತಾ ಇದ್ರಿ?

ಶಿರಸಿಯವರು:
ತುಳಸಿಕಟ್ಟೆ.