ಪದಚರ್ಚೆ: ವಿಮಾನದಲ್ಲಿ ‘ಏರುವುದು’ ಯಾವುದು, ‘ಇಳಿಯುವುದು’ ಯಾವುದು?

ಬಳಗದ ಗೆಳೆಯರಿಗೆ ನಮಸ್ಕಾರ.

ಮೊದಲ ಸಲ ವಿಮಾನದಲ್ಲಿ ಪರದೇಶಕ್ಕೆ ಹೊರಡುವ ಹಿರಿಯರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮಗಳ ಬಾಣಂತನಕ್ಕೋ ಮೊಮ್ಮಗನ ನಾಮಕರಣಕ್ಕೋ ಹೊರಟ ನಮ್ಮ ಕಡೆಯ ಅಪ್ಪ ಅಮ್ಮಂದಿರು ತಾವೇ ಓದಿಕೊಳ್ಳುವ ಹಾಗಿರಬೇಕು. ಬೆಲ್ಟು, ಶೌಚಾಲಯ, ಊಟ ಎಲ್ಲ ಸಲೀಸಾಗಿ ಮುಗಿಯಿತು. ಕುಡಿಯುವ ವಿಷಯಕ್ಕೆ ಬಂದು ಸಿಕ್ಕಿಹಾಕಿಕೊಂಡಿದ್ದೇನೆ. ಪದಗಳಿಲ್ಲ ಅಂತಲ್ಲ, ಜಾಸ್ತಿ ಇವೆ. ಯಾವುದನ್ನು ಹಾಕಿದರೂ ಯಾರೋ ಒಬ್ಬರು ಮುಖ ಸಿಂಡರಿಸುತ್ತಾರೆ.

ಈ ತಲೆನೋವು ಶುರುವಾಗಿದ್ದು ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೆ ಹೋಗುವಾಗ. ನನ್ನ ಪಕ್ಕದಲ್ಲಿ ತಿಪಟೂರು ಕಡೆಯ ಹಿರಿಯರೊಬ್ಬರು, ಕಿಟಕಿ ಪಕ್ಕ ಅವರ ಹೆಂಡತಿ. ಗಾಡಿ ತಳ್ಳಿಕೊಂಡು ಬಂದ ಗಗನಸಖಿಗೆ ಕನ್ನಡ ಬರುತ್ತಿತ್ತು. ಖುಷಿಯಿಂದಲೇ ಕೇಳಿದಳು: “ನೀವು ಕುಡೀತೀರಾ ಸರ್?”

ಯಜಮಾನರು ಬೆನ್ನು ನೆಟ್ಟಗೆ ಮಾಡಿ ಕೂತರು. “ಇಲ್ಲಮ್ಮ. ನಮ್ಮ ಮನೇಲಿ ಯಾರೂ ಕುಡಿಯಲ್ಲ.”

ಆ ಹುಡುಗಿ ಪಾಪ ಮುಂದೆ ಹೊರಟಳು. ಅಷ್ಟರಲ್ಲಿ ಅಮ್ಮ ಅವರ ತೋಳು ಜಗ್ಗಿದರು. “ರೀ, ನೀರಾದ್ರೂ ಕೇಳ್ರೀ, ಗಂಟಲು ಒಣಗಿದೆ!”

ನೋಡಿ, ‘ಕುಡಿ’ ಎನ್ನುವ ಕ್ರಿಯಾಪದಕ್ಕೆ ಕರ್ಮಪದ ಇಲ್ಲದಿದ್ದರೆ ಅದು ನೇರವಾಗಿ ಹೆಂಡದಂಗಡಿಗೇ ಹೋಗುತ್ತದೆ. “ಅವನು ಕುಡೀತಾನೆ” ಅಂದರೆ ಹಾಲಾ, ಮಜ್ಜಿಗೆಯಾ ಅಂತ ಯಾರೂ ಕೇಳುವುದಿಲ್ಲ. ಹಾಗಂತ ‘ತಗೊಳ್ತೀರಾ’ ಅಂದರೆ ಅದೂ ಕೆಟ್ಟಿದೆ. “ಅವರು ಸ್ವಲ್ಪ ತಗೋತಾರೆ” ಅನ್ನುವುದು ಮರ್ಯಾದಸ್ಥರ ಮನೆಯ ಮಾತು, ಅರ್ಥ ಅದೇ. ‘ಕುಡಿಯೋಕೆ ಏನು ಕೊಡಲಿ?’ ಅಂತ ಕೇಳಿದ್ದರೆ ತೊಂದರೆ ಇರಲಿಲ್ಲ ಅಂತ ನನಗನ್ನಿಸುತ್ತದೆ. ‘ಏನು’ ಅನ್ನುವ ಒಂದೇ ಪದ ಯಜಮಾನರ ಮಾನ ಉಳಿಸುತ್ತಿತ್ತು.

ನಾಮಪದಗಳ ಕಡೆ ಹೋದರೆ ಇನ್ನೂ ಕಷ್ಟ. ‘ಎಣ್ಣೆ’ ಇವತ್ತು ಎಲ್ಲರ ಬಾಯಲ್ಲಿದೆ. ಆದರೆ “ವಿಮಾನದಲ್ಲಿ ಎಣ್ಣೆ ಹಾಕ್ತಾರೆ” ಅಂತ ಬರೆದರೆ ಓದುವವರು ಇಂಧನ ಅಂದುಕೊಳ್ಳಬಹುದು. ‘ಗುಂಡು’ ಅಂತೂ ಬೇಡವೇ ಬೇಡ. ಭದ್ರತಾ ತಪಾಸಣೆಯ ಸಾಲಿನಲ್ಲಿ ನಿಂತು “ಮೇಲೆ ಹೋಗಿ ಒಂದು ಗುಂಡು ಹಾಕೋಣ” ಅಂತ ಯಾರಾದರೂ ಹೇಳಿದರೆ ಮುಂದಿನದನ್ನು ನೀವೇ ಊಹಿಸಿ. ‘ಮದ್ಯಪಾನ’ ಸರ್ಕಾರಿ ಫಲಕದ ಪದ. ಅದರ ಹಿಂದೆಯೇ ‘ಆರೋಗ್ಯಕ್ಕೆ ಹಾನಿಕರ’ ಅಂತ ಬಾಯಿಗೆ ಬಂದುಬಿಡುತ್ತದೆ.

ಈ ಯೋಚನೆಯಲ್ಲೇ ಒಂದು ಸೋಜಿಗ ಕಣ್ಣಿಗೆ ಬಿತ್ತು. “ಎರಡು ಪೆಗ್ ಏರಿಸಿದ” ಅಂದರೂ ಕುಡಿದ ಅಂತಲೇ ಅರ್ಥ, “ಎರಡು ಪೆಗ್ ಇಳಿಸಿದ” ಅಂದರೂ ಕುಡಿದ ಅಂತಲೇ ಅರ್ಥ. ಗಂಟಲಲ್ಲಿ ಇಳಿಯುತ್ತದೆ, ತಲೆಗೆ ಏರುತ್ತದೆ, ಹಾಗಾಗಿ ಎರಡೂ ಸರಿ ಇರಬಹುದು. ಇದರ ಜೊತೆಗೆ ನಾವು ವಿಮಾನವನ್ನೂ ಏರುತ್ತೇವೆ, ವಿಮಾನ ತಾನೂ ಏರುತ್ತದೆ, ಕೊನೆಗೆ ಇಳಿಯುತ್ತದೆ. ಅಮಲು ಕೂಡ ಇಳಿಯುತ್ತದೆ. “ಇಳಿಯೋ ಹೊತ್ತಿಗೆ ಇಳಿದಿತ್ತು” ಅಂತ ಕನ್ನಡದಲ್ಲಿ ಎಷ್ಟು ಸಲೀಸಾಗಿ ಹೇಳಬಹುದು ಅಲ್ವಾ?

ಇತಿಹಾಸ ನೋಡಿದರೂ ಇದೇ ಆಟ. 1949ರಲ್ಲಿ ಪ್ರಯಾಣಿಕರ ಸೇವೆಗೆ ಬಂದ ಬೋಯಿಂಗ್ 377 ಸ್ಟ್ರಾಟೋಕ್ರೂಸರ್‌ನಲ್ಲಿ ಕುಡಿಯುವ ಕೋಣೆ ಕೆಳಗಿನ ಅಂತಸ್ತಿನಲ್ಲಿತ್ತು. ಸುರುಳಿ ಮೆಟ್ಟಿಲಲ್ಲಿ ಇಳಿದು ಹೋಗಿ ಏರಿಸಬೇಕಿತ್ತು! 1970ರಲ್ಲಿ ಬೋಯಿಂಗ್ 747 ಬಂದಾಗ ಹಲವು ಕಂಪನಿಗಳು ಮೇಲಂತಸ್ತಿನಲ್ಲಿ ಲೌಂಜ್ ಮಾಡಿದವು. ಅಲ್ಲಿ ಸುರುಳಿ ಮೆಟ್ಟಿಲು ಏರಿ ಹೋಗಿ ಇಳಿಸಬೇಕಿತ್ತು. ಅಮೆರಿಕನ್ ಏರ್‌ಲೈನ್ಸ್ ತನ್ನ 747ರಲ್ಲಿ ಪಿಯಾನೋ ಕೂಡ ಇಟ್ಟಿತ್ತು. ಇವೆಲ್ಲಕ್ಕೂ ಮೊದಲು, 1936ರಲ್ಲಿ, ಜರ್ಮನಿಯ ಹಿಂಡೆನ್‌ಬರ್ಗ್ ವಾಯುನೌಕೆಯಲ್ಲೇ ಬಾರ್ ಇತ್ತು. ತಲೆಯ ಮೇಲೆ ಸುಮಾರು 2 ಲಕ್ಷ ಘನ ಮೀಟರ್ ಹೈಡ್ರೋಜನ್, ಒಂದು ಕಿಡಿ ತಾಗಿದರೆ ಕಥೆ ಮುಗಿಯಿತು. ಆದರೂ ಬಾರಿಗೆ ಅಂಟಿಕೊಂಡೇ ಧೂಮಪಾನದ ಕೋಣೆ! ಅನಿಲ ಒಳಗೆ ನುಗ್ಗದಿರಲಿ ಅಂತ ಆ ಕೋಣೆಯ ಗಾಳಿಯ ಒತ್ತಡವನ್ನು ಹೊರಗಿಗಿಂತ ಹೆಚ್ಚು ಇಟ್ಟಿದ್ದರು, ಎರಡು ಬಾಗಿಲು ದಾಟಿಯೇ ಹೋಗಬೇಕಿತ್ತು. ಒಳಗೆ ಇದ್ದದ್ದು ಒಂದೇ ಒಂದು ವಿದ್ಯುತ್ ಲೈಟರ್. ಮನುಷ್ಯನ ಚಟಕ್ಕೆ ಎಂಜಿನಿಯರುಗಳು ಎಷ್ಟು ಮರ್ಯಾದೆ ಕೊಟ್ಟಿದ್ದಾರೆ ನೋಡಿ.

ಈಗ ನನ್ನ ಮೊದಲ ಪ್ರಶ್ನೆ. “ವಿಮಾನದಲ್ಲಿ ಬೇಗ ಏರುತ್ತದೆ” ಅಂತ ಬರೆಯಬಹುದಾ? ಭಾಷೆಯ ಲೆಕ್ಕದಲ್ಲಿ ಚೆನ್ನಾಗಿದೆ, ವಿಷಯದ ಲೆಕ್ಕದಲ್ಲಿ ಅನುಮಾನ. ರಕ್ತದಲ್ಲಿ ಆಲ್ಕೋಹಾಲಿನ ಅಂಶ ಮೇಲೆ ಹೋದ ಮಾತ್ರಕ್ಕೆ ಜಾಸ್ತಿಯಾಗುವುದಿಲ್ಲ. ಆದರೆ ವಿಮಾನದ ಒಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಇರುತ್ತದೆ. ನಮ್ಮ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್, ಅಂದರೆ 6,300 ಅಡಿ ಚಿಲ್ಲರೆ. ಹೆಚ್ಚುಕಡಿಮೆ ಅಷ್ಟೇ ಎತ್ತರದಲ್ಲೋ ಇನ್ನೂ ಮೇಲೋ ಕೂತು ಕುಡಿದ ಹಾಗೆ ಅಂದುಕೊಳ್ಳಿ. ಆಮ್ಲಜನಕ ಕಡಿಮೆ ಸಿಗುವುದರಿಂದ ಸುಸ್ತು, ಮಂಕು ಎಲ್ಲ ಬರುತ್ತದೆ. ನಾವು ಅದನ್ನೂ ಅಮಲಿನ ಲೆಕ್ಕಕ್ಕೇ ಬರೆಯುತ್ತೇವೆ. ಜರ್ಮನಿಯ ಅಂತರಿಕ್ಷ ಸಂಸ್ಥೆಯವರು 2024ರಲ್ಲಿ ಒಂದು ಪ್ರಯೋಗದ ಫಲಿತಾಂಶ ಹೊರತಂದರು. 18ರಿಂದ 40 ವರ್ಷದ 48 ಆರೋಗ್ಯವಂತರಲ್ಲಿ ಅರ್ಧ ಜನರನ್ನು ವಿಮಾನದೊಳಗಿನಂಥದೇ ಒತ್ತಡದ ಕೋಣೆಯಲ್ಲಿ ಮಲಗಿಸಿ ನೋಡಿದ್ದರು. ಕುಡಿಯದೆ ಮಲಗಿದಾಗ ರಕ್ತದ ಆಮ್ಲಜನಕ ಸುಮಾರು 88%, ಕುಡಿದು ಮಲಗಿದಾಗ 85%. ಹೃದಯ ಬಡಿತ ನಿಮಿಷಕ್ಕೆ 73 ಇದ್ದದ್ದು 88 ಆಗಿತ್ತು. ಹಾಗಾಗಿ ಕೈಪಿಡಿಯಲ್ಲಿ “ಬೇಗ ಏರುತ್ತದೆ” ಬದಲು “ಕುಡಿದು ಮಲಗಬೇಡಿ, ಎದೆಗೆ ಭಾರ” ಅಂತ ಬರೆದಿದ್ದೇನೆ. ‘ಎದೆಗೆ ಭಾರ’ ಸರಿಯಾಯಿತಾ, ನೋಡಿ ಹೇಳಿ.

ರುಚಿಯ ವಿಷಯಕ್ಕೆ ಕನ್ನಡ ಶ್ರೀಮಂತ. ಒಣ ಗಾಳಿ, ಕಡಿಮೆ ಒತ್ತಡ ಎರಡೂ ಸೇರಿ ಉಪ್ಪು, ಸಿಹಿ ನಾಲಿಗೆಗೆ ಮಂದವಾಗುತ್ತವೆ. ಮೂಗೂ ಅಷ್ಟಾಗಿ ಕೆಲಸ ಮಾಡುವುದಿಲ್ಲ. ವೈನಿನ ಹಣ್ಣಿನ ಘಮ ಹೋಗಿ ಹುಳಿ ಮತ್ತು ಒಗರು ಮುಂದೆ ಬರುತ್ತವೆ. ‘ಒಗರು’ ಇರುವಾಗ ಬೇರೆ ಪದ ಯಾಕೆ? ಎಳೆ ಬಾಳೆಕಾಯಿ ಕಚ್ಚಿದವರಿಗೆಲ್ಲ ಅದು ಗೊತ್ತು.

ಎರಡನೆಯದು, ‘ಅಮಲು’. ಇದು ನನಗೆ ತುಂಬ ಇಷ್ಟವಾದ ಪದ. ಮೂಲ ಅರಬ್ಬಿ, ಅಲ್ಲಿ ಅದಕ್ಕೆ ಕೆಲಸ, ಕಾರ್ಯ ಎಂಬ ಅರ್ಥ. ನಮ್ಮಲ್ಲಿಗೆ ಬರುವ ಹೊತ್ತಿಗೆ ಆಡಳಿತ, ಅಧಿಕಾರ ಅಂತಲೂ ಆಯಿತು. ತಾಲ್ಲೂಕಿನ ಆಡಳಿತ ನೋಡುತ್ತಿದ್ದ ಮೈಸೂರು ಸೀಮೆಯ ಅಮಲ್ದಾರರು ನೆನಪಿರಬಹುದು. ಧಾರವಾಡದ ಕಡೆ ಕಾಯ್ದೆ ‘ಅಮಲಿಗೆ’ ಬರುತ್ತದೆ. ಮರಾಠಿಯ ‘ಅಂಮಲ್’ಗೂ ಅಧಿಕಾರ, ನಶೆ ಎರಡೂ ಅರ್ಥ ಇವೆ. ಅಂದರೆ ಅಮಲೇರಿದವನ ಮೇಲೆ ಹೆಂಡದ ಆಡಳಿತ ನಡೆಯುತ್ತಿದೆ ಅಂತ.

ಆಕಾಶದಲ್ಲಿ ಯಾರ ಅಮಲು ಅನ್ನುವುದು ಸುಮ್ನೆ ಕೇಳುವ ಪ್ರಶ್ನೆ ಅಲ್ಲ. ಅಮೆರಿಕದ ಕ್ಯಾನ್ಸಸ್ ರಾಜ್ಯದಲ್ಲಿ 1881ರಿಂದ ಪಾನನಿಷೇಧ ಇತ್ತು. 1948ರಲ್ಲಿ ಅದು ಸಡಿಲಾದರೂ, ಸಾರ್ವಜನಿಕ ಜಾಗದಲ್ಲಿ ಲೋಟದ ಲೆಕ್ಕದಲ್ಲಿ ಮಾರುವ ಹಾಗಿರಲಿಲ್ಲ. 1970ರ ದಶಕದ ಮೊದಲಲ್ಲಿ ಅಲ್ಲಿನ ಅಟಾರ್ನಿ ಜನರಲ್ (ರಾಜ್ಯದ ಮುಖ್ಯ ಕಾನೂನು ಅಧಿಕಾರಿ) ಆಗಿದ್ದ ವರ್ನ್ ಮಿಲ್ಲರ್ ಈ ಕಾನೂನನ್ನು ರೈಲಿನ ಮೇಲೂ ಹೇರಿದರು, ವಿಮಾನದ ಮೇಲೂ ಹೇರಿದರು. ಕ್ಯಾನ್ಸಸ್‌ನ ಗಡಿ ನೆಲಕ್ಕೆ ಮುಗಿಯುವುದಿಲ್ಲ, ಮೇಲಕ್ಕೂ ಹೋಗುತ್ತದೆ ಎನ್ನುವುದು ಅವರ ವಾದ. ವಿಮಾನ ಕಂಪನಿಗಳೂ ಆ ರಾಜ್ಯದ ಮೇಲೆ ಹಾರುವಷ್ಟು ಹೊತ್ತು ಬಾಟಲಿ ಮುಚ್ಚಿಟ್ಟವು. ಯಾವ ಅಮಲು ಯಾವ ಅಮಲನ್ನು ಇಳಿಸಿತು ನೋಡಿ!

ದೇಶ ದೇಶಗಳ ನಡುವೆ ಈ ಗೊಂದಲ ಬೇಡ ಅಂತ 1963ರಲ್ಲಿ ಟೋಕಿಯೋ ಒಪ್ಪಂದ ಆಯಿತು. ವಿಮಾನ ಯಾವ ದೇಶದಲ್ಲಿ ನೋಂದಣಿಯಾಗಿದೆಯೋ, ಒಳಗೆ ನಡೆದ ಅಪರಾಧಕ್ಕೆ ಆ ದೇಶದ ಕಾನೂನು ನಡೆಯುತ್ತದೆ. ನಮ್ಮ ವಿಮಾನಗಳ ಮೈಮೇಲೆ ‘ವಿಟಿ’ ಅಂತ ಎರಡು ಅಕ್ಷರ ಬರೆದಿರುತ್ತಾರಲ್ಲ, ಅದೇ ಗುರುತು. ನಮ್ಮ ದೇಶದೊಳಗಿನ ಹಾರಾಟದಲ್ಲಂತೂ ಮದ್ಯ ಕೊಡುವ ಹಾಗೇ ಇಲ್ಲ. 2005ರಲ್ಲಿ ನಮ್ಮ ಬೆಂಗಳೂರಿನ ಬಿಯರಿನ ಹೆಸರು ಹೊತ್ತ ಕಿಂಗ್‌ಫಿಷರ್ ವಿಮಾನಗಳು ಹಾರತೊಡಗಿದಾಗಲೂ ಒಳನಾಡಿನ ಪ್ರಯಾಣಿಕರಿಗೆ ಸಿಕ್ಕಿದ್ದು ನೀರು, ಜ್ಯೂಸೇ. ಕಿಂಗ್‌ಫಿಷರ್ ಹಕ್ಕಿಯ ಕನ್ನಡ ಹೆಸರು ‘ಮಿಂಚುಳ್ಳಿ’. ಎಂಥ ಒಳ್ಳೆಯ ಹೆಸರು, ಬಿಯರಿಗೂ ಇಡಲಿಲ್ಲ, ವಿಮಾನಕ್ಕೂ ಇಡಲಿಲ್ಲ.

ಮೂರನೆಯ ಪದಕ್ಕೆ ನಾನೇ ಒಂದು ಸಲಹೆ ಇಡುತ್ತೇನೆ. ಕುಡಿದು ಗಲಾಟೆ ಮಾಡುವವರ ಬಗ್ಗೆ 2017ರಲ್ಲಿ ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ನಿಯಮ ತಂದಿತು. ಬಾಯಿ ಮಾಡಿದರೆ 3 ತಿಂಗಳವರೆಗೆ, ಕೈ ಮಾಡಿದರೆ 6 ತಿಂಗಳವರೆಗೆ, ಜೀವಕ್ಕೆ ಅಪಾಯ ತಂದರೆ ಕನಿಷ್ಠ 2 ವರ್ಷ ವಿಮಾನ ಹತ್ತುವ ಹಾಗಿಲ್ಲ. ಇಂಥವರನ್ನು ‘ಅಶಿಸ್ತಿನ ಪ್ರಯಾಣಿಕ’ ಅಂತ ಬರೆದಿದ್ದನ್ನು ನೋಡಿದೆ. ಹೋಂವರ್ಕ್ ಮಾಡದ ಹುಡುಗನ ಹಾಗೆ ಕೇಳಿಸುತ್ತದೆ. ಪತ್ರಿಕೆಗಳ ‘ರಂಪಾಟ’ ತಲೆಬರಹಕ್ಕೆ ಸರಿ, ನಿಯಮಕ್ಕೆ ಹೊಂದುವುದಿಲ್ಲ. ‘ಸೊಕ್ಕಿದ ಪ್ರಯಾಣಿಕ’ ಅಂದರೆ ಹೇಗೆ? ಹಳಗನ್ನಡದ ‘ಸೊರ್ಕು’ಗೆ ಮತ್ತೇರುವುದು, ಗರ್ವ ಎರಡೂ ಅರ್ಥ ಇದ್ದವು. ಮದವೇರಿದ ಆನೆಯನ್ನು ಸೊಕ್ಕಾನೆ ಅನ್ನುತ್ತಿದ್ದರು. ಈಗಿನ ‘ಸೊಕ್ಕು’ ಪದದಲ್ಲಿ ಗರ್ವ ಮಾತ್ರ ಉಳಿದಿದೆ. ವಿಮಾನದಲ್ಲಿ ರೇಗಾಡುವವರಿಗೆ ಬಹಳ ಸಲ ಎರಡೂ ಒಟ್ಟಿಗೆ ಇರುತ್ತವೆ. ಕೈಪಿಡಿಗೆ ಸ್ವಲ್ಪ ಖಾರವಾಯಿತು ಅನ್ನುವವರು ಬೇರೆ ಪದ ಕೊಡಿ.

ಇನ್ನು ವಿಮಾನ ನಿಲ್ದಾಣದ ತೆರಿಗೆ ಇಲ್ಲದ ಅಂಗಡಿ, ಅಂದರೆ ‘ಡ್ಯೂಟಿ ಫ್ರೀ’. ‘ಸುಂಕವಿಲ್ಲದ ಅಂಗಡಿ’ ಅಂತ ಇಟ್ಟಿದ್ದೇನೆ, ಬೆಂಗಳೂರಿನಲ್ಲಿ ಸುಂಕದಕಟ್ಟೆ ಇನ್ನೂ ಇರುವಾಗ ಯಾರಿಗೂ ಅರ್ಥವಾಗದೇ ಇರುವುದಿಲ್ಲ. ವಾಪಸ್ ಬರುವಾಗ ಒಬ್ಬೊಬ್ಬರು 2 ಲೀಟರ್ ಮದ್ಯ ತರಬಹುದು. ಸೀಲ್ ಒಡೆದು ವಿಮಾನದಲ್ಲೇ ಕುಡಿಯುವಂತಿಲ್ಲ. ಇಷ್ಟು ಸಾಕು.

ಕೊನೆಯದಾಗಿ, ಆ ಯಜಮಾನರ ಕಥೆ ಬಾಕಿ ಇದೆ. ಊಟ ಆಯಿತು, ದೀಪ ಆರಿಸಿದರು. ಅಮ್ಮ ಹೊದ್ದು ಮಲಗಿದ್ದರು. ಯಜಮಾನರು ಒಂದು ಸಲ ಕಿಟಕಿ ಕಡೆ ತಿರುಗಿ ನೋಡಿದರು. ಆಮೇಲೆ ಮೆಲ್ಲಗೆ ಎದ್ದು ಹಿಂದಿನ ಪರದೆ ಹತ್ತಿರ ಹೋದರು. ನಾನು ನೀರು ಕೇಳಲು ಅಲ್ಲೇ ನಿಂತಿದ್ದೆ. ಅದೇ ಹುಡುಗಿಯನ್ನು ಪಿಸುದನಿಯಲ್ಲಿ ಕೇಳಿದರು: “ಶೀತ ಆಗಿದೆಯಮ್ಮ. ಬಿಸಿನೀರಿಗೆ ಹಾಕ್ಕೊಳ್ಳೋಕೆ ಔಷಧಿ ತರಹದ್ದು ಏನಾದ್ರೂ ಇದೆಯಾ?” ಅವಳು ನಗಲಿಲ್ಲ. ಬ್ರಾಂದಿಯ ಪುಟ್ಟ ಬಾಟಲಿ, ಕಾಗದದ ಲೋಟದಲ್ಲಿ ಬಿಸಿನೀರು ಕೊಟ್ಟಳು. ಜೇಬಿಗೆ ಕೈ ಹಾಕಿ “ಎಷ್ಟಮ್ಮ?” ಅಂದರು. “ದುಡ್ಡೇನಿಲ್ಲ ಸರ್” ಅಂದಾಗ ಅವರ ಮುಖ ನೋಡಬೇಕಿತ್ತು.

ಹಾಗೆ ನೋಡಿದರೆ ಐರಿಷ್ ಕಾಫಿ ಹುಟ್ಟಿದ್ದೂ ಇದೇ ಔಷಧಿಯ ನೆಪದಲ್ಲೇ. 1943ರಲ್ಲಿ ಐರ್ಲೆಂಡಿನ ಫಾಯ್ನ್ಸ್‌ನಲ್ಲಿ, ನೀರಿನ ಮೇಲೆ ಇಳಿಯುವ ವಿಮಾನಗಳ ನಿಲ್ದಾಣದಲ್ಲಿ, ಹವೆ ಕೆಟ್ಟು ವಾಪಸ್ ಬಂದ ಪ್ರಯಾಣಿಕರು ಚಳಿಗೆ ನಡುಗುತ್ತಿದ್ದರು. ಬಾಣಸಿಗ ಜೋ ಶೆರಿಡನ್ ಅವರ ಕಾಫಿಗೆ ವಿಸ್ಕಿ ಹಾಕಿದರು ಅನ್ನುವುದು ಅಲ್ಲಿನವರು ಹೇಳುವ ಕಥೆ. ವಿಮಾನ ನಿಲ್ದಾಣದಲ್ಲಿ ಸುಂಕವಿಲ್ಲದ ಅಂಗಡಿ ಮೊದಲು ತೆರೆದದ್ದೂ ಅಲ್ಲೇ ಹತ್ತಿರ, ಫಾಯ್ನ್ಸ್ ಇರುವ ಶಾನನ್ ನದಿಯ ಆಚೆ ದಡದಲ್ಲಿ, 1947ರಲ್ಲಿ.

ನಿಮ್ಮ ನಿಮ್ಮ ಕಡೆ ಮನೆಯವರ ಕಿವಿಗೆ ಬೀಳದ ಹಾಗೆ ಕೇಳುವಾಗ ಏನನ್ನುತ್ತಾರೆ? ‘ಔಷಧಿ’, ‘ತೀರ್ಥ’, ‘ಪರಮಾತ್ಮ’ ನನ್ನ ಪಟ್ಟಿಯಲ್ಲಿವೆ. ಕರಾವಳಿ, ಕೊಡಗು, ಬೀದರ್ ಕಡೆಯವರು ದಯವಿಟ್ಟು ಬರೆಯಿರಿ. ಊರಿನ ಹೆಸರು ಜೊತೆಗಿರಲಿ.