ಅಜ್ಜನ ನಾಣ್ಯದ ಆಲ್ಬಂ ಹಸಿರು ಅಂಟು ಬಿಟ್ಟಿದೆ, ಏನು ಮಾಡಲಿ?

ಪ್ರಶ್ನೆ (ಶಿರಸಿಯಿಂದ): ಮೇಡಂ, ನಮಸ್ಕಾರ. ಅಜ್ಜ ಹೋಗಿ ಹದಿಮೂರು ವರ್ಷ ಆಯಿತು. ಅವರ ನಾಣ್ಯದ ಆಲ್ಬಂ ಅಷ್ಟೂ ವರ್ಷ ಬೀರುವಿನಲ್ಲೇ ಇತ್ತು. ಮೊನ್ನೆ ತೆಗೆದರೆ ಹೊಸ ರೇನ್‌ಕೋಟ್ ಬಿಚ್ಚಿದ ಹಾಗೆ ವಾಸನೆ. ತಾಮ್ರದ ನಾಣ್ಯಗಳ ಮೇಲೆಲ್ಲ ಹಸಿರು ಅಂಟು, ಪಾಕೆಟ್ಟಿನಿಂದ ಎಳೆದರೆ ಬರುವುದೇ ಇಲ್ಲ. ಮೈಸೂರಿನ ಮಯಿಲಿ ಕಾಸು ಒಂದಿದೆ, ಅದರ ಆನೆಯ ಕಾಲೇ ಕಾಣುತ್ತಿಲ್ಲ. ನಾಲ್ಕು ಬೆಳ್ಳಿ ರೂಪಾಯಿಗೂ ಅಂಚಿನಲ್ಲಿ ಹಸಿರು ಹಿಡಿದಿದೆ. ಅಮ್ಮ ಹುಣಸೆಹಣ್ಣು ಹಾಕಿ ತಿಕ್ಕು ಅಂತಿದ್ದಾಳೆ. ತಿಕ್ಕಬಹುದಾ? ಹೊಸ ಆಲ್ಬಂ ಯಾವುದು ತಗೊಳ್ಳಲಿ?

ಉತ್ತರ: ಮೊದಲು ಹುಣಸೆಹಣ್ಣನ್ನು ಸಾರಿಗೆ ಹಾಕಿ. ತಿಕ್ಕುವುದು ಬೇಡವೇ ಬೇಡ.

ಲೋಹದ ವಸ್ತುಗಳನ್ನು ಉಳಿಸುವುದೇ ನನ್ನ ಕೆಲಸ. ಹಾಳಾಗಿ ನನ್ನ ಮೇಜಿಗೆ ಬರುವ ನಾಣ್ಯಗಳಲ್ಲಿ ಮಣ್ಣಿನಿಂದ ಹಾಳಾದದ್ದಕ್ಕಿಂತ ಆಲ್ಬಮ್ಮಿನಿಂದ ಹಾಳಾದದ್ದೇ ಜಾಸ್ತಿ. ನೀವು ಹೇಳಿದ ರೇನ್‌ಕೋಟ್ ವಾಸನೆಯೇ ಕಳ್ಳನ ಗುರುತು. ಅದು ಪಿವಿಸಿ ಪ್ಲಾಸ್ಟಿಕ್. ಪಿವಿಸಿ ಹುಟ್ಟಾ ಗಟ್ಟಿ. ಅದನ್ನು ಮೆತ್ತಗೆ ಮಾಡಲು ಎಣ್ಣೆಯಂಥ ಒಂದು ಪದಾರ್ಥ ಬೆರೆಸುತ್ತಾರೆ. ವರ್ಷ ಕಳೆದಂತೆ ಆ ಎಣ್ಣೆ ಹೊರಗೆ ಜಿನುಗುತ್ತದೆ. ಜೊತೆಗೆ ಪ್ಲಾಸ್ಟಿಕ್ಕೂ ನಿಧಾನಕ್ಕೆ ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಆಮ್ಲ ತಾಮ್ರವನ್ನು ತಿನ್ನುತ್ತದೆ, ತಿಂದ ಜಾಗ ಹಸಿರಾಗುತ್ತದೆ. ಬೆಳ್ಳಿಗೆ ಯಾಕೆ ಹಸಿರು ಅಂದರೆ, ಬ್ರಿಟಿಷರ ಕಾಲದ ರೂಪಾಯಿ ಶುದ್ಧ ಬೆಳ್ಳಿ ಅಲ್ಲ. 1940ಕ್ಕಿಂತ ಮೊದಲಿನದ್ದರ 11.66 ಗ್ರಾಂ ತೂಕದಲ್ಲಿ ಹನ್ನೆರಡರಲ್ಲಿ ಒಂದು ಪಾಲು ಬೇರೆ ಲೋಹ, ಮುಖ್ಯವಾಗಿ ತಾಮ್ರ.

ಈಗ ಬಿಡಿಸುವ ಕೆಲಸ. ನಾಣ್ಯವನ್ನು ಎಳೆಯಬೇಡಿ. ಕತ್ತರಿಯಿಂದ ಪಾಕೆಟ್ಟಿನ ಮೂರು ಅಂಚು ಕತ್ತರಿಸಿ, ಪುಸ್ತಕದ ಹಾಳೆ ತೆರೆದ ಹಾಗೆ ಬಿಚ್ಚಿ. ಶುದ್ಧ ಅಸಿಟೋನ್ ಬೇಕು. ಲ್ಯಾಬ್ ಸಾಮಾನಿನ ಅಂಗಡಿಯಲ್ಲಿ ಸಿಗುತ್ತದೆ. ಉಗುರಿನ ಬಣ್ಣ ತೆಗೆಯುವ ದ್ರಾವಣ ತರಬೇಡಿ, ಅದರಲ್ಲಿ ಎಣ್ಣೆ, ಸುಗಂಧ, ಬಣ್ಣ ಏನೇನೋ ಇರುತ್ತದೆ. ಗಾಜಿನ ಬಟ್ಟಲಿನಲ್ಲಿ ನಾಣ್ಯ ಮುಳುಗುವಷ್ಟು ಹಾಕಿ, ಐದು ನಿಮಿಷ ಬಿಡಿ. ಅಂಟು ಸಡಿಲವಾಗಿ ಮೋಡದ ಹಾಗೆ ಏಳುವುದು ಕಾಣುತ್ತದೆ. ಆ ದ್ರಾವಣ ಬಿಟ್ಟು, ಇನ್ನೊಂದು ಬಟ್ಟಲಿನ ಹೊಸ ಅಸಿಟೋನ್‌ನಲ್ಲಿ ಮತ್ತೊಮ್ಮೆ ಅದ್ದಿ. ಹತ್ತಿ ಬಟ್ಟೆಯ ಮೇಲಿಟ್ಟರೆ ಅರ್ಧ ನಿಮಿಷದಲ್ಲಿ ತಾನೇ ಒಣಗುತ್ತದೆ. ಒರೆಸಬೇಡಿ. ಕಿಟಕಿ ತೆಗೆದಿರಲಿ. ಅಡುಗೆಮನೆಯಲ್ಲಂತೂ ಮಾಡಲೇಬೇಡಿ, ಅಸಿಟೋನ್ ಪೆಟ್ರೋಲಿನ ಹಾಗೆ ಹೊತ್ತಿಕೊಳ್ಳುತ್ತದೆ. ದೀಪ, ಊದುಬತ್ತಿಯೂ ಹತ್ತಿರ ಬೇಡ.

ಅಂಟು ಹೋದ ಮೇಲೆ ಸಣ್ಣ ಸಣ್ಣ ಗುಳಿ ಕಂಡರೆ, ಅದು ಆಮ್ಲ ತಿಂದ ಜಾಗ. ಅದನ್ನು ಯಾರೂ ಸರಿ ಮಾಡಲಾರರು. ಅದರೊಂದಿಗೇ ಬದುಕಬೇಕು.

ಆಲ್ಬಮ್ಮಿನ ವಿಷಯ ಕೆಳಗೆ ಬರೆಯುತ್ತೇನೆ, ಮೊದಲು ಇಷ್ಟು ಮಾಡಿ.

ಒಬ್ಬ ಹಿರಿಯರು (ಹುಬ್ಬಳ್ಳಿಯಿಂದ): ಮೇಡಂ ಅವರೇ, ನಾನು ನಲವತ್ತು ವರ್ಷದಿಂದ ಹುಣಸೆಹಣ್ಣು, ಉಪ್ಪು ಹಚ್ಚಿ ತೊಳೀತಾ ಬಂದೀನ್ರಿ. ನಾಣ್ಯ ಈಗ ಟಂಕಸಾಲೆಯಿಂದ ಬಂದಂಗ ಥಳಥಳ ಹೊಳೀತಾವ. ಏನೂ ಆಗಿಲ್ಲ.

ಉತ್ತರ: ಕಾಕಾ, ಬೇಜಾರು ಮಾಡ್ಕೋಬೇಡಿ. ಹುಣಸೆಯ ಹುಳಿ ಕಿಲುಬನ್ನು ಕರಗಿಸುತ್ತದೆ, ನಿಜ. ಅದರ ಜೊತೆಗೆ ಮೇಲಿನ ಒಂದು ತೆಳು ಪದರವೂ ಹೋಗುತ್ತದೆ. ಉಪ್ಪು ಇನ್ನೂ ಕೆಟ್ಟದ್ದು. ಅದರ ಕ್ಲೋರೈಡ್ ತಾಮ್ರದೊಳಗೆ ಉಳಿದರೆ ಮುಂದೆ ಮತ್ತೆ ಹಸಿರು ಏಳುತ್ತದೆ. ಪೂಜೆಯ ಚೊಂಬನ್ನು ದಿನಾ ತೊಳೆಯಬಹುದು, ಅದರ ಮೇಲೆ ಓದುವಂಥದ್ದು ಏನೂ ಇಲ್ಲ. ನಾಣ್ಯದ ಮೇಲೆ ಇದೆ ಅಲ್ವಾ?

ನಾನೇ ಮಾಡಿದ ತಪ್ಪು ಹೇಳುತ್ತೇನೆ. ಕಾಲೇಜಿನಲ್ಲಿದ್ದಾಗ ನಮ್ಮಜ್ಜಿಯ ವಿಕ್ಟೋರಿಯಾ ರೂಪಾಯಿಯನ್ನು ವಿಭೂತಿ ಹಾಕಿ ತಿಕ್ಕಿ ತಿಕ್ಕಿ ಕನ್ನಡಿ ಮಾಡಿಟ್ಟೆ. ಅದರ ಮೇಲೆ 1862 ಅಂತಿತ್ತು. ಆಮೇಲೆ ಗೊತ್ತಾಯಿತು, 1862 ಅಂತ ಇದ್ದ ಮಾತ್ರಕ್ಕೆ ಅದು ಅದೇ ವರ್ಷದ್ದು ಅಂತಲ್ಲ. 1874ರವರೆಗೂ ಅದೇ ವರ್ಷ ಹಾಕಿ ಅಚ್ಚು ಹೊಡೆದರು. ಹಿಂಬದಿಯ ಬಳ್ಳಿ, ಅಕ್ಷರಗಳ ಹತ್ತಿರ ಇರುವ ಪುಟ್ಟ ಚುಕ್ಕಿಗಳನ್ನು ಎಣಿಸಿ ಸಂಗ್ರಹಕಾರರು ವರ್ಷ ಊಹಿಸುತ್ತಾರೆ. ನಾನು ತಿಕ್ಕಿದ್ದರಲ್ಲಿ ಚುಕ್ಕಿಗಳೇ ಅಳಿಸಿಹೋಗಿದ್ದವು. ಈಗ ಅದು ಯಾವ ವರ್ಷದ್ದು ಅಂತ ದೇವರಿಗೇ ಗೊತ್ತು. ಕಪ್ಪಗಿದ್ದರೆ ಕಪ್ಪಗೇ ಇರಲಿ ಬಿಡಿ.

ಸರಿ, ಆಲ್ಬಂ. ಅಂಗಡಿಯಲ್ಲಿ ಕೈಗೆ ತೆಗೆದುಕೊಂಡ ತಕ್ಷಣ ಮೂಸಿ ನೋಡಿ, ಆಮೇಲೆ ಹಿಸುಕಿ. ಮೆತ್ತಗೆ ರಬ್ಬರಿನ ಹಾಗೆ ಬಗ್ಗಿದರೆ, ವಾಸನೆ ಬಂದರೆ, ಅಲ್ಲೇ ಇಟ್ಟು ಬನ್ನಿ. ಪರಪರ ಸದ್ದು ಮಾಡುವ, ವಾಸನೆಯಿಲ್ಲದ, ಸ್ವಲ್ಪ ಬಿರುಸಾದ ಹಾಳೆ ಒಳ್ಳೆಯದು. ಪಾಲಿಯೆಸ್ಟರ್, ಪಾಲಿಪ್ರೊಪಿಲೀನ್, ಪಾಲಿಎಥಿಲೀನ್ ಈ ಮೂರರಲ್ಲಿ ಯಾವುದಾದರೂ ಆಗಬಹುದು. ಪಾಲಿಯೆಸ್ಟರಿಗೆ ಮೈಲಾರ್ ಅಂತಲೂ ಕರೆಯುತ್ತಾರೆ. ಪ್ಯಾಕೆಟ್ ಮೇಲೆ 'ಪಿವಿಸಿ ಇಲ್ಲ' ಅಂತ ಬರೆದಿದ್ದರೂ ಅನುಮಾನ ಇದ್ದರೆ ಒಂದು ಪರೀಕ್ಷೆ ಇದೆ. ತಾಮ್ರದ ತಂತಿಯನ್ನು ಇಕ್ಕಳದಲ್ಲಿ ಹಿಡಿದು, ಉರಿಯ ಬಣ್ಣ ಮಾಮೂಲಿಗೆ ಬರುವವರೆಗೆ ಗ್ಯಾಸ್ ಮೇಲೆ ಕೆಂಪಗೆ ಕಾಯಿಸಿ. ಅದನ್ನು ಪ್ಲಾಸ್ಟಿಕ್ಕಿನ ಒಂದು ಚೂರಿಗೆ ತಾಗಿಸಿ ಮತ್ತೆ ಉರಿಗೆ ಹಿಡಿಯಿರಿ. ಉರಿ ಹಸಿರಾದರೆ ಅದರಲ್ಲಿ ಕ್ಲೋರಿನ್ ಇದೆ, ಅಂದರೆ ಬಹುತೇಕ ಪಿವಿಸಿಯೇ. ಚೂರು ಉಗುರಿನಷ್ಟು ಸಾಕು, ಹೊಗೆ ಕುಡಿಯಬೇಡಿ. ಅಸಿಟೋನ್ ಕೆಲಸ ಮಾಡಿದ ದಿನವೇ ಇದನ್ನು ಮಾಡಬೇಡಿ.

ನಾನು ಶಿಫಾರಸು ಮಾಡುವುದು ಎರಡು ಇಂಚಿನ ಚೌಕ ರಟ್ಟಿನ ಹೋಲ್ಡರ್. ನಡುವೆ ಮೈಲಾರ್ ಕಿಟಕಿ ಇರುತ್ತದೆ. ಮಡಚಿ ನಾಲ್ಕು ಕಡೆ ಸ್ಟೇಪಲ್ ಹೊಡೆಯುವುದು. ಕಿಟಕಿಯ ಅಳತೆ ನೋಡಿ ತಗೊಳ್ಳಿ. ಬೆಳ್ಳಿ ರೂಪಾಯಿಯ ಅಡ್ಡಳತೆ 30.5 ಮಿಲಿಮೀಟರ್, ಕಿಟಕಿ ಅದಕ್ಕಿಂತ ಸ್ವಲ್ಪ ದೊಡ್ಡದಿರಬೇಕು. ಈಗಿನ ಹತ್ತು ರೂಪಾಯಿ 27. ಹೋಲ್ಡರಿನ ಮೇಲೆ ಏನಾದರೂ ಬರೆಯುವುದಿದ್ದರೆ ನಾಣ್ಯ ಇಡುವ ಮೊದಲೇ ಪೆನ್ಸಿಲಿನಲ್ಲಿ ಬರೆಯಿರಿ. ನಾಣ್ಯ ಇಟ್ಟ ಮೇಲೆ ಬಾಲ್‌ಪೆನ್ ಒತ್ತಿ ಬರೆದು ರಾಣಿಯ ಕೆನ್ನೆಗೆ ಗೀರು ಹಾಕಿದವರನ್ನು ನೋಡಿದ್ದೇನೆ.

ಸ್ಟೇಪಲ್ ಹೊಡೆದ ಮೇಲೆ ಒಂದು ಕೆಲಸ ಎಲ್ಲರೂ ಮರೆಯುತ್ತಾರೆ. ಹಿಂದೆ ಚಾಚಿದ ಕಾಲುಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡಬೇಕು. ಇಲ್ಲದಿದ್ದರೆ ಆಲ್ಬಮ್ಮಿನ ಪಾಕೆಟ್ಟಿಗೆ ತುರುಕುವಾಗ ಅದರ ಮೊನೆ ಹಾಳೆಯನ್ನು ಸೀಳಿ ಹಿಂದಿನ ನಾಣ್ಯಕ್ಕೆ ಗೀಚುತ್ತದೆ. ನಾಣ್ಯ ತೆಗೆಯಬೇಕಾದಾಗ ಸ್ಟೇಪಲನ್ನು ಪೂರ್ತಿ ಕಿತ್ತು ತೆಗೆಯಿರಿ. ರಟ್ಟು ಹರಿಯಲು ಹೋದರೆ ತುಕ್ಕು ಹಿಡಿದ ಪಿನ್ನು ನಾಣ್ಯದ ಮೇಲೆ ಹಾಯುತ್ತದೆ.

ಈ ಹೋಲ್ಡರ್ ಹಿಡಿಸುವ, ಹಾಳೆಗೆ 20 ಪಾಕೆಟ್ ಇರುವ ಆಲ್ಬಂ ಸಿಗುತ್ತದೆ. ಲೆಕ್ಕ ಹಾಕಿ: ಪೂರ್ತಿ ಬೆಳ್ಳಿ ರೂಪಾಯಿ ಇಟ್ಟರೆ ಒಂದು ಹಾಳೆಗೆ 233 ಗ್ರಾಂ. ಹತ್ತು ಹಾಳೆಗೆ ಎರಡೂಕಾಲು ಕಿಲೋ ದಾಟುತ್ತದೆ. ಆಲ್ಬಮ್ಮುಗಳನ್ನು ಒಂದರ ಮೇಲೊಂದು ಪೇರಿಸಬೇಡಿ. ಪುಸ್ತಕದ ಹಾಗೆ ನಿಲ್ಲಿಸಿಡಿ.

ಪ್ರಶ್ನೆ (ಮಂಗಳೂರಿನಿಂದ): ನಮ್ಮಲ್ಲಿ ಜೂನ್ ಬಂದರೆ ಬೀರುವಿನಲ್ಲಿಟ್ಟ ಚಪ್ಪಲಿಗೂ ಬೂಸ್ಟು. ಆಲ್ಬಂ ಜೊತೆ ನುಸಿಗುಳಿಗೆ ಹಾಕಿದ್ದೇನೆ, ಒಂದು ಡಬ್ಬಿಯಲ್ಲಿ ಅಕ್ಕಿಯನ್ನೂ ಇಟ್ಟಿದ್ದೇನೆ. ಸಾಕಾ? ಟಿಪ್ಪುವಿನ ಆನೆ ಕಾಸಿನ ಮೇಲೆ ತಿಳಿ ಹಸಿರು ಪುಡಿ ಬರುತ್ತಿದೆ. ಒರೆಸಿದರೆ ಹೋಗುತ್ತದೆ, ಹದಿನೈದು ದಿನಕ್ಕೆ ಮತ್ತೆ ಬರುತ್ತದೆ.

ಉತ್ತರ: ಆ ಕಾಸನ್ನು ಇವತ್ತೇ ಉಳಿದವುಗಳಿಂದ ಬೇರೆ ಇಡಿ. ಶಿರಸಿಯವರದ್ದು ಅಂಟು, ನಿಮ್ಮದು ಪುಡಿ. ಎರಡೂ ಹಸಿರೇ, ಆದರೆ ಕಾಯಿಲೆ ಬೇರೆ. ನಿಮ್ಮದನ್ನು ನಾವು ಕಂಚಿನ ರೋಗ ಅಂತೀವಿ. ತಾಮ್ರದೊಳಗೆ ಕ್ಲೋರೈಡ್ ಸೇರಿಕೊಂಡಿದೆ. ಗಾಳಿಯ ತೇವ ತಾಗಿದಾಗಲೆಲ್ಲ ಅದು ಲೋಹವನ್ನು ತಿಂದು ಪುಡಿ ಉಗುಳುತ್ತದೆ. ಒರೆಸಿದರೆ ಗುಣವಾಗದು. ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿದ ಬಿಗಿ ಡಬ್ಬಿಯಲ್ಲಿ ಒಂಟಿಯಾಗಿ ಇಡಿ, ಸಂರಕ್ಷಣೆ ಕಲಿತವರಿಗೆ ತೋರಿಸಿ. ಇದರ ಔಷಧಿ ಮನೆಯಲ್ಲಿ ಮಾಡುವಂಥದ್ದಲ್ಲ. ಗಟ್ಟಿಯಾಗಿ, ನಯವಾಗಿ, ಕಡು ಹಸಿರಾಗಿ ಅಂಟಿಕೊಂಡಿರುವ ಹಳೇ ಕಿಲುಬಾದರೆ ಚಿಂತೆಯಿಲ್ಲ, ಅದು ನಾಣ್ಯದ ಚರ್ಮ ಇದ್ದ ಹಾಗೆ.

ನುಸಿಗುಳಿಗೆ ತೆಗೆಯಿರಿ, ಅದರ ಆವಿ ನಾಣ್ಯಕ್ಕೂ ಪ್ಲಾಸ್ಟಿಕ್ಕಿಗೂ ಒಳ್ಳೆಯದಲ್ಲ. ಅಕ್ಕಿಯಿಂದ ಹುಳು ಬರುತ್ತದೆ, ಬೇರೇನೂ ಆಗುವುದಿಲ್ಲ. ಸಿಲಿಕಾ ಜೆಲ್ ಸರಿ. ಆದರೆ ತೆರೆದ ಬೀರುವಿನಲ್ಲಿ ಇಟ್ಟರೆ ಇಡೀ ಮಂಗಳೂರಿನ ಗಾಳಿ ಒಣಗಿಸಲು ಹೊರಟ ಹಾಗೆ, ಎರಡು ದಿನಕ್ಕೆ ಸುಸ್ತಾಗುತ್ತದೆ. ರಬ್ಬರ್ ಅಂಚಿಲ್ಲದ, ಬಿಗಿ ಮುಚ್ಚಳದ ಡಬ್ಬಿಯೊಳಗೆ ಆಲ್ಬಂ ಇಟ್ಟು, ಅದರಲ್ಲಿ ಜೆಲ್ ಹಾಕಿ. ಬಣ್ಣ ಬದಲಾಗುವ ಜೆಲ್ ತನ್ನಿ. ಬಣ್ಣ ತಿರುಗಿದಾಗ ಓವನ್‌ನಲ್ಲಿ 120 ಡಿಗ್ರಿಯ ಆಸುಪಾಸು ಒಣಗಿಸಿ ಮತ್ತೆ ಬಳಸಬಹುದು. ಪುಟ್ಟ ತೇವಾಂಶ ಮಾಪಕ ಒಂದನ್ನೂ ಒಳಗೆ ಇಡಿ. ತಾಮ್ರಕ್ಕೆ ಶೇಕಡಾ 40ರ ಒಳಗೆ ಇದ್ದರೆ ನನಗೆ ನಿದ್ದೆ ಬರುತ್ತದೆ.

ರಬ್ಬರ್ ಬೇಡ ಅಂದಿದ್ದು ಯಾಕೆಂದರೆ ಅದರಲ್ಲಿ ಗಂಧಕ ಇದೆ. ಬೆಳ್ಳಿ ಅದರಿಂದಲೇ ಕಪ್ಪಾಗುವುದು. ರಬ್ಬರ್ ಬ್ಯಾಂಡ್, ಉಣ್ಣೆ ಬಟ್ಟೆ, ನ್ಯೂಸ್‌ಪೇಪರ್ ಎಲ್ಲಕ್ಕೂ ಅದೇ ಮಾತು.

ಪ್ರಶ್ನೆ (ಬೆಂಗಳೂರಿನಿಂದ): ನಮ್ಮತ್ತೆ ಕೊಟ್ಟ ಐದು ಬೆಳ್ಳಿ ರೂಪಾಯಿ ವರಮಹಾಲಕ್ಷ್ಮಿ ಹಬ್ಬಕ್ಕೆ ಕಳಶದ ಮುಂದೆ ಇಡಲೇಬೇಕು. ಅರಿಶಿನ, ಕುಂಕುಮ, ಹೂವಿನ ನೀರು ಎಲ್ಲ ಬೀಳುತ್ತದೆ. ಆಲ್ಬಮ್ಮಿಗೆ ಹಾಕಿದರೆ ಪೂಜೆ ಹೇಗೆ?

ಉತ್ತರ: ಪೂಜೆ ನಿಲ್ಲಿಸಿ ಅಂತ ನಾನು ಹೇಳಿದರೆ ನಮ್ಮಮ್ಮನೇ ಮನೆಗೆ ಸೇರಿಸುವುದಿಲ್ಲ. ಐದರಲ್ಲಿ ಜಾಸ್ತಿ ಸವೆದ ಎರಡನ್ನು ದೇವರಿಗೆ ಬಿಡಿ. ಅವುಗಳಿಗೆ ಕುಂಕುಮ ಬೀಳಲಿ, ಹಬ್ಬ ಮುಗಿದ ಮೇಲೆ ಬರಿ ನೀರಿನಲ್ಲಿ ಅದ್ದಿ, ಒತ್ತಿ ಒಣಗಿಸಿ. ಉಳಿದ ಮೂರನ್ನು ಅಕ್ರಿಲಿಕ್ ಕ್ಯಾಪ್ಸೂಲಿನಲ್ಲಿ ಹಾಕಿಡಿ. ಎರಡು ಹೋಳು ಟಕ್ ಅಂತ ಕೂರುವ ದುಂಡು ಡಬ್ಬಿ ಅದು. ಕುಂಕುಮವನ್ನು ಕ್ಯಾಪ್ಸೂಲಿನ ಮೇಲೇ ಇಡಬಹುದು. ಲಕ್ಷ್ಮಿ ಒಳಗಿದ್ದರೂ ಲಕ್ಷ್ಮಿಯೇ.

ಪ್ರಶ್ನೆ (ಕಲಬುರಗಿಯಿಂದ): ಶಾಲೆಯ ಪ್ರದರ್ಶನಕ್ಕೆ ಮಕ್ಕಳು ನಾಣ್ಯ ತರುತ್ತಾರೆ. ಹಿಂದಿನ ಸಲ ಥರ್ಮಾಕೋಲಿಗೆ ಅಂಟು ಹಾಕಿ ಅಂಟಿಸಿದ್ದೆವು. ಚಂದ ಕಂಡಿತು. ಈ ಸಲ ಹೇಗೆ ಜೋಡಿಸೋಣ ಸರಿಯಾಗಿ?

ಉತ್ತರ: ಅಯ್ಯೋ ಮೇಷ್ಟ್ರೇ, ಅಂಟು! ಇನ್ನು ಮುಂದೆ ಬೇಡ. ಆಲ್ಬಂ ಹಾಳೆಯನ್ನೇ ಹೊರತೆಗೆದು ಮೇಜಿನ ಮೇಲೆ ಇಡಿ, ಮೇಲೊಂದು ಗಾಜು. ನೆರಳಿನಲ್ಲಿರಲಿ. ಪ್ರತಿ ನಾಣ್ಯದ ಹಿಂಬದಿಯ ಫೋಟೋ ದೊಡ್ಡದು ಮಾಡಿ ಮೇಲೆ ಗೋಡೆಗೆ ಹಾಕಿ, ಮಕ್ಕಳು ಕೈ ಹಾಕುವುದು ಕಡಿಮೆಯಾಗುತ್ತದೆ.

ರಾಜರು, ಬ್ರಿಟಿಷರು ಅಂತ ಶುರು ಮಾಡಿದರೆ ಮಕ್ಕಳು ಎರಡನೇ ಹಾಳೆಗೆ ಆಕಳಿಸುತ್ತಾರೆ. ನಾನಾದರೆ ಆಕಾರದಿಂದ ಶುರು ಮಾಡುತ್ತೇನೆ. ಆರು ಮೂಲೆಯ ಮೂರು ಪೈಸೆ, ಚೌಕದ ಐದು ಪೈಸೆ, ಅಲೆ ಅಂಚಿನ ಹತ್ತು ಪೈಸೆ, ನಡುವೆ ತೂತಿರುವ 1943ರ ಕಾಸು. ಪಕ್ಕದಲ್ಲಿ ಕಮಲದ ಹೂವಿನ ಇಪ್ಪತ್ತು ಪೈಸೆ. ಎರಡನೇ ಹಾಳೆ ಟಂಕಸಾಲೆಯ ಗುರುತು. ಈಗಿನ ಚಿಲ್ಲರೆಯೇ ಸಾಕು, ದುಡ್ಡು ಖರ್ಚಿಲ್ಲ. ವರ್ಷದ ಕೆಳಗೆ ವಜ್ರಾಕೃತಿ ಇದ್ದರೆ ಮುಂಬಯಿ, ನಕ್ಷತ್ರ ಹೈದರಾಬಾದು, ಚುಕ್ಕಿ ನೋಯ್ಡಾ, ಏನೂ ಇಲ್ಲದಿದ್ದರೆ ಕೋಲ್ಕತ್ತ. ನಿಮ್ಮೂರಿಗೆ ಹೈದರಾಬಾದು ಹತ್ತಿರ. ನಕ್ಷತ್ರದ್ದು ಎಷ್ಟು ಬರುತ್ತದೆ ಅಂತ ಮಕ್ಕಳೇ ಎಣಿಸಲಿ. ಸಿಗದ ನಾಣ್ಯದ ಪಾಕೆಟ್ಟನ್ನು ಖಾಲಿಯೇ ಬಿಟ್ಟು 'ಹುಡುಕುತ್ತಿದ್ದೇವೆ' ಅಂತ ಚೀಟಿ ಹಾಕಿ. ಅದನ್ನು ನೋಡಿಯೇ ಯಾರಾದರೂ ತಂದುಕೊಡುತ್ತಾರೆ.

ಪ್ರಶ್ನೆ (ನ್ಯೂಜೆರ್ಸಿಯಿಂದ): ಅಪ್ಪನ ಆಲ್ಬಂ ಮೈಸೂರಿನ ಮನೆಯಲ್ಲಿದೆ. ಡಿಸೆಂಬರಿನಲ್ಲಿ ಬಂದಾಗ ಇಲ್ಲಿಗೆ ತರಬೇಕೆಂದಿದ್ದೇನೆ. ಕೈಚೀಲದಲ್ಲಿ ತರಬಹುದಾ?

ಉತ್ತರ: ನೂರು ವರ್ಷ ದಾಟಿದ ನಾಣ್ಯ ಇದ್ದರೆ ಬೇಡ. 1972ರ ಪ್ರಾಚ್ಯವಸ್ತು ಕಾಯ್ದೆಯ ಪ್ರಕಾರ ಅದು ಪ್ರಾಚ್ಯವಸ್ತು, ಖಾಸಗಿಯವರು ದೇಶದಿಂದ ಹೊರಗೆ ಒಯ್ಯುವಂತಿಲ್ಲ. ಅಪ್ಪನದ್ದೇ ಆದರೂ ಅಷ್ಟೇ. ಅದಕ್ಕಿಂತ ಹೊಸದಾಗಿದ್ದು ಹಳೆಯದರ ಹಾಗೆ ಕಂಡರೆ, ಪ್ರಾಚ್ಯವಸ್ತು ಅಲ್ಲ ಅನ್ನುವ ಪತ್ರವನ್ನು ಪುರಾತತ್ವ ಇಲಾಖೆಯಿಂದ ಮೊದಲೇ ಮಾಡಿಸಿಕೊಳ್ಳಿ. ಹಳೆಯವನ್ನು ತಮ್ಮನೋ ತಂಗಿಯೋ ಮೈಸೂರಿನಲ್ಲೇ ಇಟ್ಟುಕೊಳ್ಳಲಿ, ನೀವು ಎರಡೂ ಬದಿಯ ಫೋಟೋ ಒಯ್ಯಿರಿ.

ಇನ್ನೊಬ್ಬರು: ಹಳೇ ಐದು ರೂಪಾಯಿಗೆ ಐದು ಲಕ್ಷ ಕೊಡ್ತಾರಂತೆ, ಮೊದಲು ಎರಡು ಸಾವಿರ ಕಟ್ಟಬೇಕಂತೆ?

ಉತ್ತರ: ಕಟ್ಟಬೇಡಿ. ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕೇ 2021ರ ಆಗಸ್ಟಿನಲ್ಲಿ ಎಚ್ಚರಿಸಿದೆ.

ಮತ್ತೆ ಶಿರಸಿಯಿಂದ: ಮೇಡಂ, ಅಸಿಟೋನ್ ಕೆಲಸ ಆಯಿತು. ಆನೆಯ ನಾಲ್ಕೂ ಕಾಲು ಬಂದವು! ಮಯಿಲಿ ಕಾಸು ಅನ್ನುವ ಕನ್ನಡ ಅಕ್ಷರ ಓದಬಹುದು. ಸೊಂಡಿಲ ಹತ್ತಿರ ಮಾತ್ರ ಮೂರು ಗುಳಿ ಉಳಿದಿವೆ. ಇನ್ನೊಂದು ವಿಷಯ. ಪಾಕೆಟ್ಟುಗಳಲ್ಲಿ ನಾಣ್ಯದ ಹಿಂದೆ ಅಜ್ಜ ಬರೆದ ಚೀಟಿಗಳಿವೆ. ಒಂದರಲ್ಲಿ 'ಬನವಾಸಿ ಜಾತ್ರೆ, ಎರಡು ರೂಪಾಯಿ, ಚೌಕಾಸಿ ಮಾಡಿದೆ' ಅಂತಿದೆ. ಹಳೇ ಆಲ್ಬಂ ಜೊತೆ ಇವನ್ನೂ ಎಸೆಯಬೇಕಾ?

ಉತ್ತರ: ಎಸೆದರೆ ನಾನೇ ಶಿರಸಿಗೆ ಬರುತ್ತೇನೆ! ಆಲ್ಬಂ ಹೋಗಲಿ, ಚೀಟಿ ಇರಲಿ. ನಾಣ್ಯಕ್ಕಿಂತ ಮೊದಲು ಚೀಟಿಗಳ ಫೋಟೋ ತೆಗೆಯಿರಿ. ಮಾಮೂಲಿ ಕಾಗದದಲ್ಲಿ ಆಮ್ಲ ಇರುತ್ತದೆ, ಹಾಗಾಗಿ ನಾಣ್ಯದ ಜೊತೆ ಒಂದೇ ಪಾಕೆಟ್ಟಿನಲ್ಲಿ ಬೇಡ. ನಾಣ್ಯ ಒಂದು ಪಾಕೆಟ್ಟಿಗೆ, ಅದರ ಚೀಟಿ ಪಕ್ಕದ್ದಕ್ಕೆ. ಮಡಚದೆ ಹಿಡಿಸಿದರೆ ಒಳ್ಳೆಯದು.

ಶಿರಸಿಯಿಂದ: ಹಾಗಾದರೆ ಹಾಳೆಗೆ ಹತ್ತೇ ನಾಣ್ಯ. ಇನ್ನೂ ಐದು ಹಾಳೆ ಜಾಸ್ತಿ ತರಿಸುತ್ತೇನೆ.