ಲಿಂಟಲ್‌ ಮುಂದೆ ಸೋಲುವ ಬ್ಯಾಟರಿ ಡ್ರಿಲ್‌: ಮೊದಲ ಕಿಟ್‌ 12 ವೋಲ್ಟೋ, 18 ವೋಲ್ಟೋ?

ತೋಟದಮನೆ:
ನಮಸ್ಕಾರ. ತೀರ್ಥಹಳ್ಳಿ ಕಡೆಯ ಹಳ್ಳಿಯಲ್ಲಿ ನಮ್ಮ ಮನೆ. ಮಳೆಗಾಲದಲ್ಲಿ ಕರೆಂಟು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ವೈರ್‌ ಇಲ್ಲದ ಯಂತ್ರ ಕೊಳ್ಳುವ ಯೋಚನೆ. ಕೊಳ್ಳುವ ಮೊದಲು ನೋಡೋಣ ಎಂದು ಪಕ್ಕದ ಮನೆಯವರ 12 ವೋಲ್ಟ್‌ ಹ್ಯಾಮರ್‌ ಡ್ರಿಲ್‌ ತಂದು ಪರದೆಯ ರಾಡ್‌ ಹಾಕಲು ಹೊರಟೆ. ಇಟ್ಟಿಗೆ ಗೋಡೆಯಲ್ಲಿ ಸಲೀಸಾಗಿ ಇಳಿಯುತ್ತದೆ. ಕಿಟಕಿಯ ಮೇಲ್ಭಾಗದಲ್ಲಿ ಮಾತ್ರ ಅರ್ಧ ಇಂಚು ಹೋಗಿ ನಿಲ್ಲುತ್ತದೆ. ಬಿಟ್‌ ಕಾಯ್ದು ತುದಿ ನೀಲಿಯಾಗುತ್ತದೆ, ಯಂತ್ರದ ಬೆನ್ನು ಮುಟ್ಟಲಾಗದಷ್ಟು ಬಿಸಿ, ಗೋಡೆಗೆ ಏನೂ ಆಗುವುದಿಲ್ಲ.

ಇದು 12 ವೋಲ್ಟ್‌ನ ಮಿತಿಯೇ? 18 ವೋಲ್ಟ್‌ ತೆಗೆದುಕೊಂಡರೆ ಸರಿಹೋಗುತ್ತದೆಯೇ? ಇನ್ನೊಂದು ವಿಷಯ: ಅಮೆರಿಕದಲ್ಲಿರುವ ನಮ್ಮ ಭಾವ ಡಿಸೆಂಬರ್‌ನಲ್ಲಿ ಬರುತ್ತಾರೆ. ಅಲ್ಲಿ ಐದು ಯಂತ್ರಗಳ ಕಿಟ್‌ ಅಗ್ಗಕ್ಕೆ ಸಿಗುತ್ತದಂತೆ, ತರಲೇ ಎಂದು ಕೇಳುತ್ತಿದ್ದಾರೆ. ನನ್ನ ಕೈಯಲ್ಲಿರುವುದು ಹದಿನೈದು ಸಾವಿರ. ಕೆಲಸ ಎಂದರೆ ಪರದೆ ರಾಡ್‌, ಅಡುಗೆಮನೆಯ ಶೆಲ್ಫ್‌, ಕಪಾಟಿನ ಬಾಗಿಲು, ಕೊಟ್ಟಿಗೆಯ ಗೇಟು, ಇಂಥ ಚಿಲ್ಲರೆ.

ಉಳಿಬಾಚಿ:
ಸರ್‌, ವೋಲ್ಟ್‌ ವಿಷಯ ಆಮೇಲೆ. ಮೊದಲು ಯಂತ್ರ ಹಿಮ್ಮುಖವಾಗಿ ತಿರುಗುತ್ತಿಲ್ಲ ತಾನೇ, ನೋಡಿ. ಹಿಮ್ಮುಖದಲ್ಲೂ ಗಾರೆ ಕೆರೆದು ಅರ್ಧ ಇಂಚು ಹೋಗುತ್ತದೆ, ಗೊತ್ತೇ ಆಗುವುದಿಲ್ಲ. ಚಕ್‌ (ಬಿಟ್‌ ಹಿಡಿಯುವ ಮುಂಭಾಗ) ಹಿಂದಿನ ಉಂಗುರ ಸುತ್ತಿಗೆಯ ಚಿತ್ರಕ್ಕೆ ಬಂದಿದೆಯೇ ನೋಡಿ. ಬಿಟ್‌ನ ತುದಿಯಲ್ಲಿ ಬೇರೆ ಬಣ್ಣದ ಕಾರ್ಬೈಡ್‌ ತುಂಡು ಕೂರಿಸಿರಬೇಕು. ಪೂರ್ತಿ ಕಪ್ಪಗಿರುವ ನಯವಾದ ಬಿಟ್‌ ಕಬ್ಬಿಣದ ಕೆಲಸದ್ದು, ಅದು ಗೋಡೆಗಲ್ಲ. ಕಾರ್ಬೈಡ್‌ ಇದ್ದರೂ ಅದರ ಮೂಲೆಗಳು ಸವೆದು ದುಂಡಗಾಗಿದ್ದರೆ ಅದು ಕೊರೆಯುವುದಿಲ್ಲ, ಉಜ್ಜುತ್ತದೆ. ನೀಲಿಯಾಗಿದೆ ಎಂದರೆ ಅದರ ಕಥೆ ಮುಗಿದಿದೆ ಎಂದೇ ನನ್ನ ಅನುಮಾನ. ಹೊಸ 6 ಮಿ.ಮೀ. ಮೇಸನ್ರಿ ಬಿಟ್‌ ಹಾಕಿ ಇನ್ನೊಮ್ಮೆ ಪ್ರಯತ್ನಿಸಿ ತಿಳಿಸಿ.

ಎರಡು ಬ್ಯಾಟರಿ:
ಇಷ್ಟೆಲ್ಲ ಯಾಕೆ? 12 ವೋಲ್ಟ್‌ ಆಟಿಕೆ. ನೇರವಾಗಿ 18 ವೋಲ್ಟ್‌ ಬ್ರಷ್‌ಲೆಸ್‌ (ಮೋಟರಿನಲ್ಲಿ ಸವೆಯುವ ಕಾರ್ಬನ್‌ ಬ್ರಷ್‌ ಇಲ್ಲದ) ಹ್ಯಾಮರ್‌ ಡ್ರಿಲ್‌ ಮತ್ತು ಸ್ಕ್ರೂ ಬಿಗಿಯುವ ಇಂಪ್ಯಾಕ್ಟ್‌ ಡ್ರೈವರ್‌ ಜೋಡಿ ತೆಗೆದುಕೊಳ್ಳಿ. ಹತ್ತು ವರ್ಷ ಯೋಚನೆಯಿಲ್ಲ.

ತೋಟದಮನೆ:
ಉಳಿಬಾಚಿಯವರೇ, ತಿರುಗುವ ದಿಕ್ಕು ಸರಿಯಿದೆ, ಸುತ್ತಿಗೆ ಚಿತ್ರವೂ ಸರಿಯಿದೆ. ನೀವು ಹೇಳಿದಂತೆ ಪೆಟ್ಟಿಗೆಯಲ್ಲಿದ್ದ ಬಿಟ್‌ನ ತುದಿ ದುಂಡಗಾಗಿತ್ತು. ಹೊಸದು ಹಾಕಿದೆ. ಈಗ ಒಂದು ತೂತು ಪೂರ್ತಿ ಇಳಿಯಿತು. ಅದರಿಂದ ಎರಡು ಇಂಚು ಪಕ್ಕದಲ್ಲಿ ಇನ್ನೊಂದು ಕೊರೆಯಹೋದರೆ ಒಂದು ಇಂಚಿಗೇ ನಿಂತಿತು. ಬರುತ್ತಿರುವ ಪುಡಿ ಬೂದು ಬಣ್ಣದ್ದು, ಲೋಹದ ಹೊಳಪಿಲ್ಲ.

ಉಳಿಬಾಚಿ:
ಹಾಗಾದರೆ ಸಿಕ್ಕಿರುವುದು ಜಲ್ಲಿ. ಹೊಳೆಯುವ ಲೋಹದ ಚೂರು ಬಂದಿದ್ದರೆ ಸರಳು ಎನ್ನಬಹುದಿತ್ತು. ಆಗ ಹಟ ಹಿಡಿಯದೆ ಒಂದು ಇಂಚು ಪಕ್ಕಕ್ಕೆ ಸರಿಯಬೇಕು, ಲಿಂಟಲ್‌ನ ಸರಳನ್ನು ಕತ್ತರಿಸಬಾರದು.

ಕಿಟಕಿಯ ಮೇಲಿರುವುದು ಇಟ್ಟಿಗೆಯಲ್ಲ, ಕಾಂಕ್ರೀಟ್‌ ಲಿಂಟಲ್‌. ಅದರೊಳಗೆ ಗಟ್ಟಿ ಕಲ್ಲಿನ ಜಲ್ಲಿ ತುಂಬಿರುತ್ತದೆ. ಬಿಟ್‌ ಜಲ್ಲಿಗಳ ನಡುವೆ ಬಿದ್ದರೆ ಇಳಿಯುತ್ತದೆ, ಜಲ್ಲಿಯ ನೆತ್ತಿಗೆ ಬಿದ್ದರೆ ನಿಲ್ಲುತ್ತದೆ. ಇಲ್ಲಿ 18 ವೋಲ್ಟ್‌ ಹ್ಯಾಮರ್‌ ಡ್ರಿಲ್‌ ನಿಮ್ಮನ್ನು ಉದ್ಧಾರ ಮಾಡುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ. ಕಾರಣ ವೋಲ್ಟ್‌ ಅಲ್ಲ, ಒಳಗಿನ ರಚನೆ. ಹ್ಯಾಮರ್‌ ಡ್ರಿಲ್‌ನಲ್ಲಿ ಹಲ್ಲುಗಳಿರುವ ಎರಡು ಬಿಲ್ಲೆಗಳು ಒಂದರ ಮೇಲೊಂದು ಜಾರಿ ಜಿಗಿಯುತ್ತವೆ. ಹೊಡೆತಗಳು ನಿಮಿಷಕ್ಕೆ ಇಪ್ಪತ್ತು ಸಾವಿರದ ಆಸುಪಾಸು ಇರುತ್ತವೆ, ಆದರೆ ಒಂದೊಂದರಲ್ಲೂ ಜೀವವಿಲ್ಲ. ಅದರ ಬಲ ನೀವು ಹಿಂದಿನಿಂದ ಎಷ್ಟು ಒತ್ತುತ್ತೀರಿ ಎಂಬುದರ ಮೇಲೆ ನಿಂತಿದೆ. 18 ವೋಲ್ಟ್‌ನದು ಸ್ವಲ್ಪ ವೇಗವಾಗಿ ಅದೇ ಕೆಲಸ ಮಾಡುತ್ತದೆ, ಅಷ್ಟೇ.

ರೋಟರಿ ಹ್ಯಾಮರ್‌ ಬೇರೆ ಜಾತಿ. ಅದರೊಳಗೆ ಪಿಸ್ಟನ್‌ ಇದೆ. ಅದು ಗಾಳಿಯನ್ನು ಒತ್ತುತ್ತದೆ, ಒತ್ತಿದ ಗಾಳಿ ಒಳಗಿನ ಸುತ್ತಿಗೆಯನ್ನು ಬಿಟ್‌ನ ಹಿಂಬದಿಗೆ ಎಸೆಯುತ್ತದೆ. ನಿಮಿಷಕ್ಕೆ ನಾಲ್ಕೈದು ಸಾವಿರ ಹೊಡೆತ ಮಾತ್ರ. ಆದರೆ ಚಿಕ್ಕ ಯಂತ್ರದಲ್ಲೂ ಪ್ರತಿ ಹೊಡೆತ 2 ಜೌಲ್‌ ಆಸುಪಾಸು, ಅಂದರೆ ಒಂದು ಕಿಲೋ ತೂಕ ಇಪ್ಪತ್ತು ಸೆಂಟಿಮೀಟರ್‌ ಮೇಲಿನಿಂದ ಬಿದ್ದ ಹಾಗೆ. ಜಲ್ಲಿ ಒಡೆಯುವುದು ಅದಕ್ಕೆ. ನೀವು ಒತ್ತುವ ಅಗತ್ಯವಿಲ್ಲ, ಹಿಡಿದುಕೊಂಡರೆ ಸಾಕು. ಇದಕ್ಕೆ ಎಸ್‌ಡಿಎಸ್‌ ಪ್ಲಸ್‌ ಬಿಟ್‌ ಬೇಕು. ಅದರ ಬುಡದಲ್ಲಿ ಉದ್ದನೆಯ ತೋಡುಗಳಿರುತ್ತವೆ, ಸಾಮಾನ್ಯ ಚಕ್‌ನ ಬಿಟ್‌ ಅದರಲ್ಲಿ ಕೂರುವುದಿಲ್ಲ. ವೈರ್‌ ಇರುವ 700 ವಾಟ್‌ ಸುಮಾರಿನ ಯಂತ್ರ ಸಾಕು. ಬ್ಯಾಟರಿಯದ್ದೂ ಇದೆ, ಬೆಲೆ ಕೇಳಿದರೆ ಕೈ ಹಿಂದೆ ಬರುತ್ತದೆ.

ಇವತ್ತಿನ ಕೆಲಸಕ್ಕಾದರೆ ಖರ್ಚೇ ಇಲ್ಲದ ದಾರಿ ಒಂದಿದೆ. ಲಿಂಟಲ್‌ ಸಾಮಾನ್ಯವಾಗಿ ನಾಲ್ಕರಿಂದ ಆರು ಇಂಚು ಎತ್ತರ. ರಾಡನ್ನು ಅದಕ್ಕಿಂತ ಮೇಲಕ್ಕೆ ಏರಿಸಿದರೆ ಮತ್ತೆ ಇಟ್ಟಿಗೆ ಸಿಗುತ್ತದೆ. ಪರದೆ ಸ್ವಲ್ಪ ಉದ್ದ ಹೊಲಿಸಬೇಕು. ನೋಡುವುದಕ್ಕೂ ಅದೇ ಚೆನ್ನ.

ಮುರಕಲ್ಲು:
ಕರಾವಳಿಯವನ ಒಂದು ಮಾತು ಸೇರಿಸುತ್ತೇನೆ. ಕೊಟ್ಟಿಗೆಯ ಗೋಡೆ ಜಂಬಿಟ್ಟಿಗೆಯದಾಗಿದ್ದರೆ (ನಮ್ಮಲ್ಲಿ ಮುರಕಲ್ಲು) ಅಲ್ಲಿ ಸುತ್ತಿಗೆ ಹೊಡೆತ ಬೇಡವೇ ಬೇಡ. ಬರೀ ತಿರುಗಿಸಿ. ಹೊಡೆತ ಹಾಕಿದರೆ ಕಲ್ಲು ಒಳಗೇ ಪುಡಿಯಾಗಿ 8 ಮಿ.ಮೀ. ತೂತು 10 ಆಗುತ್ತದೆ, ಪ್ಲಾಸ್ಟಿಕ್‌ ಪ್ಲಗ್‌ ಗರಗರ ತಿರುಗುತ್ತದೆ. ಪ್ಲಗ್‌ಗಿಂತ ಒಂದು ಅಳತೆ ಚಿಕ್ಕ ಬಿಟ್‌ನಲ್ಲಿ ಕೊರೆದು, ಪ್ಲಗ್ಗನ್ನು ಸುತ್ತಿಗೆಯಿಂದ ತಟ್ಟಿ ಕೂರಿಸಿ, ಉದ್ದನೆಯ ಸ್ಕ್ರೂ ಹಾಕಿ. ಗೇಟಿನ ತೂಕ ಹೊರುವ ಕೀಲನ್ನಂತೂ ಪ್ಲಗ್‌ ನಂಬಿ ಹಾಕಬೇಡಿ. ಅದಕ್ಕೆ ಸಿಮೆಂಟಿನಲ್ಲಿ ಹೂತ ಹೋಲ್ಡ್‌ಫಾಸ್ಟೇ (ಗೋಡೆಯೊಳಗೆ ಕೂರುವ ಕಬ್ಬಿಣದ ಪಟ್ಟಿ) ಸರಿ.

ಡೆಟ್ರಾಯಿಟ್‌ ಕನ್ನಡಿಗ:
ಭಾವನವರಿಗೆ ದಯವಿಟ್ಟು ಇಂದೇ ಫೋನ್‌ ಮಾಡಿ. ಇಲ್ಲಿನ ಕಿಟ್‌ನಲ್ಲಿ ಬರುವ ಚಾರ್ಜರ್‌ 120 ವೋಲ್ಟ್‌ನದು. ಮೊಬೈಲ್‌, ಲ್ಯಾಪ್‌ಟಾಪ್‌ ಚಾರ್ಜರ್‌ಗಳಂತೆ 100ರಿಂದ 240ರವರೆಗೆ ಎಲ್ಲಕ್ಕೂ ಒಗ್ಗುವಂಥದ್ದು ಎಂದುಕೊಂಡು ಊರಿನ 230 ವೋಲ್ಟ್‌ಗೆ ಚುಚ್ಚಿದರೆ ಹೊಗೆ ಬರುತ್ತದೆ. ಪಿನ್‌ ಬದಲಿಸುವ ಅಡಾಪ್ಟರ್‌ ವೋಲ್ಟೇಜ್‌ ಬದಲಿಸುವುದಿಲ್ಲ. ಚಾರ್ಜರ್‌ ಹಿಂದೆ ಇನ್‌ಪುಟ್‌ ಏನು ಬರೆದಿದೆ ಎಂದು ಓದದೆ ಯಾರೂ ತರಬಾರದು. ಇಳಿಕೆ ಟ್ರಾನ್ಸ್‌ಫಾರ್ಮರ್‌ ಇಟ್ಟು ನಡೆಸಬಹುದು ಎನ್ನುವವರಿದ್ದಾರೆ. ನಡೆಸಬಹುದು, ಆದರೆ ವೈರ್‌ ಬೇಡವೆಂದು ಬ್ಯಾಟರಿ ಯಂತ್ರ ಕೊಂಡು, ಜೊತೆಗೆ ಭಾರದ ಡಬ್ಬಿಯೊಂದನ್ನು ಹೊರುವುದು ಯಾವ ಸುಖ?

ಲಾಭವಾಗುವ ಕ್ರಮ ಬೇರೆ. ಎರಡೂ ದೇಶಗಳಲ್ಲಿ ಒಂದೇ ಬ್ಯಾಟರಿ ನಡೆಯುವ ಕುಟುಂಬ ಆರಿಸಿ. ಮಕಿಟಾದ 18 ವೋಲ್ಟ್‌ ಎಲ್‌ಎಕ್ಸ್‌ಟಿ ಅಂಥದ್ದು. ಚಾರ್ಜರ್‌ ಮತ್ತು ಬ್ಯಾಟರಿಯಿರುವ ಮೊದಲ ಕಿಟ್‌ ಊರಿನಲ್ಲೇ ಕೊಳ್ಳಿ. ಭಾವನವರಿಂದ ಬ್ಯಾಟರಿ ಇಲ್ಲದ ಬರೀ ಯಂತ್ರ ತರಿಸಿ, ಅದು ಚೆಕ್‌ಇನ್‌ ಸಾಮಾನಿನಲ್ಲಿ ಹಾಯಾಗಿ ಬರುತ್ತದೆ. ಬಿಡಿ ಬ್ಯಾಟರಿ ತರುವುದಾದರೆ ಕೈಚೀಲದಲ್ಲೇ ಇರಬೇಕು, 100 ವಾಟ್‌ ಅವರ್‌ ದಾಟಬಾರದು. ಲೆಕ್ಕ ಸುಲಭ: 18 ವೋಲ್ಟನ್ನು 5 ಆಂಪಿಯರ್‌ ಅವರ್‌ನಿಂದ ಗುಣಿಸಿದರೆ 90, ಪರವಾಗಿಲ್ಲ. 6 ಆದರೆ 108, ವಿಮಾನ ಕಂಪನಿಯ ಒಪ್ಪಿಗೆ ಕೇಳಬೇಕು. ಇಲ್ಲಿ ಕೊಂಡದ್ದಕ್ಕೆ ಅಲ್ಲಿ ವಾರಂಟಿ ಸಿಗುತ್ತದೆಂದು ಎಣಿಸಬೇಡಿ.

ತೋಟದಮನೆ:
ಭಾವನನ್ನು ತಡೆದೆ, ಸದ್ಯ! ಆದರೆ ಇಲ್ಲಿ 18 ಎನ್ನುತ್ತಾರೆ, ಅಲ್ಲಿ 20 ಎನ್ನುತ್ತಾರೆ. ಆನ್‌ಲೈನ್‌ನಲ್ಲಿ ಎರಡು ಸಾವಿರಕ್ಕೆ 48 ವೋಲ್ಟ್‌ ಎಂದು ಬರೆದ ಡ್ರಿಲ್‌ ಇದೆ. ಅದು ಎಲ್ಲಕ್ಕಿಂತ ಬಲಶಾಲಿಯಾಗಬೇಕಲ್ಲವೇ?

ಎಸ್‌.ಪಿ. ರಸ್ತೆ ಅಲೆಮಾರಿ:
ಬಲಶಾಲಿಯಾಗಿರುವುದು ಅದರ ಸ್ಟಿಕರ್‌ ಮಾತ್ರ. ಸೆಲ್‌ ಎಣಿಸಿ, ಸ್ಟಿಕರ್‌ ಓದಬೇಡಿ. ಲಿಥಿಯಂ ಅಯಾನ್‌ ಸೆಲ್‌ ಒಂದಕ್ಕೆ ಸರಾಸರಿ 3.6 ವೋಲ್ಟ್‌. ಸಾಲಾಗಿ ಐದು ಜೋಡಿಸಿದರೆ 18. ಪೂರ್ತಿ ಚಾರ್ಜ್‌ ಆದ ಕೂಡಲೇ ಅಳೆದರೆ ಅದೇ ಐದು ಸೆಲ್‌ 20 ದಾಟುತ್ತವೆ. ಹಾಗಾಗಿ ಡಿವಾಲ್ಟ್‌ನ 20 ವೋಲ್ಟ್‌ ಮ್ಯಾಕ್ಸ್‌ ಮತ್ತು ಇತರರ 18 ಎರಡೂ ಒಂದೇ ವರ್ಗ. 12 ವೋಲ್ಟ್‌ ಎಂಬುದು ಮೂರು ಸೆಲ್‌, ನಿಜದಲ್ಲಿ 10.8. ಬ್ಯಾಟರಿಯ ಹೊಟ್ಟೆಯಲ್ಲಿ ಐದೇ ಸೆಲ್‌ ಇಟ್ಟುಕೊಂಡು ಮೇಲೆ 48, 88 ಎಂದು ಬರೆದರೆ ಅದು ಬರೀ ಹೆಸರು. ಅಂಥದ್ದರ ಬ್ಯಾಟರಿ ಸತ್ತರೆ ಬದಲಿ ಸಿಗುವುದೂ ಕಷ್ಟ.

ಇನ್ನೊಂದು ಬಲೆ: ಒಂದೇ ಕಂಪನಿ, ಒಂದೇ ವೋಲ್ಟ್‌ ಎಂದಮಾತ್ರಕ್ಕೆ ಬ್ಯಾಟರಿ ಹೊಂದುವುದಿಲ್ಲ. ಬಾಷ್‌ನ ನೀಲಿ ಯಂತ್ರಗಳ 18 ವೋಲ್ಟ್‌ ಬ್ಯಾಟರಿ ಅದೇ ಕಂಪನಿಯ ಹಸಿರು ಯಂತ್ರಗಳಿಗೆ ಕೂರುವುದಿಲ್ಲ. ಮಕಿಟಾದ 40 ವೋಲ್ಟ್‌ ಎಕ್ಸ್‌ಜಿಟಿ ಮತ್ತು 18 ವೋಲ್ಟ್‌ ಎಲ್‌ಎಕ್ಸ್‌ಟಿ ನಡುವೆಯೂ ಅದಲುಬದಲು ಇಲ್ಲ. ನೀವು ಈಗ ಆರಿಸುತ್ತಿರುವುದು ಡ್ರಿಲ್‌ ಅಲ್ಲ, ಬ್ಯಾಟರಿ. ಶಿವಮೊಗ್ಗದಲ್ಲಿ ಯಾವುದಕ್ಕೆ ರಿಪೇರಿ ಇದೆ, ಬಿಡಿ ಬ್ಯಾಟರಿ ಅಂಗಡಿಯ ಕಪಾಟಿನಲ್ಲೇ ಇದೆಯೇ ಎಂದು ಮೊದಲು ವಿಚಾರಿಸಿ. ಮೂರನೆಯವರು ಮಾಡುವ ಅರ್ಧ ಬೆಲೆಯ ‘ಹೊಂದುವ’ ಬ್ಯಾಟರಿಗಳನ್ನು ಬೆಂಗಳೂರಿನಲ್ಲೂ ರಾಶಿ ಹಾಕಿ ಮಾರುತ್ತಾರೆ. ಒಳಗೆ ರಕ್ಷಣಾ ಸರ್ಕ್ಯೂಟ್‌ ಎಷ್ಟಿದೆ ಎಂದು ಹೊರಗಿನಿಂದ ತಿಳಿಯದು. ಮರದ ಮನೆಯೊಳಗೆ ಅಂಥದ್ದನ್ನು ರಾತ್ರಿ ಚಾರ್ಜ್‌ಗಿಟ್ಟು ಮಲಗಲು ನನಗೆ ಧೈರ್ಯವಿಲ್ಲ.

ಉಳಿಬಾಚಿ:
ನಿಮ್ಮ ಪಟ್ಟಿಗೆ ನನ್ನ ಲೆಕ್ಕ ಹೀಗಿದೆ. ಕಪಾಟು, ಶೆಲ್ಫ್‌, ಇಟ್ಟಿಗೆ ಗೋಡೆಗೆ 12 ವೋಲ್ಟ್‌ ಆಟಿಕೆಯಲ್ಲ. 30 ನ್ಯೂಟನ್‌ ಮೀಟರ್‌ ತಿರುಚು ಬಲ ಸಿಗುತ್ತದೆ, ಮೂರು ಇಂಚಿನ ಸ್ಕ್ರೂ ಹಲಸಿನ ಮರಕ್ಕೂ ಇಳಿಯುತ್ತದೆ (ಮೊದಲು ಸಣ್ಣ ತೂತು ಕೊರೆದುಕೊಂಡರೆ). ತೂಕ ಕಡಿಮೆ, ಕಪಾಟಿನ ಮೂಲೆಗೆ ಹೋಗುತ್ತದೆ, ಏಣಿಯ ಮೇಲೆ ಒಂದು ಕೈಯಲ್ಲಿ ಹಿಡಿಯಬಹುದು. ಎರಡು ಬ್ಯಾಟರಿಯ 12 ವೋಲ್ಟ್‌ ಕಿಟ್‌ ಮತ್ತು ವೈರ್‌ ಇರುವ ರೋಟರಿ ಹ್ಯಾಮರ್‌, ಎರಡೂ ಸೇರಿ ನಿಮ್ಮ ಹದಿನೈದು ಸಾವಿರದೊಳಗೆ ಮುಗಿಯಬೇಕು. ತೋಟದಲ್ಲಿ ಬೇರೆ ಏನಾದರೂ ಕೆಲಸ ಕಾದಿದೆಯೇ? ಅದನ್ನೂ ಈಗಲೇ ಹೇಳಿ.

ತೋಟದಮನೆ:
ಇದೆ. ಅಡಿಕೆ ಒಣಗಿಸುವ ಅಂಗಳಕ್ಕೆ ಕಬ್ಬಿಣದ ಪೈಪಿನ ಚಪ್ಪರ ಹಾಕಿಸಿ, ಮೇಲೆ ಶೀಟು ಹೊದಿಸುವ ಯೋಚನೆ. ಫ್ರೇಮು ವೆಲ್ಡಿಂಗ್‌ನವರು ಮಾಡಿಕೊಡುತ್ತಾರೆ. ಶೀಟು ನಾನೂ ತಮ್ಮನೂ ಹಾಕುತ್ತೇವೆ. ಮುಂದೆ ತೋಟದಲ್ಲಿ ಕೊಂಬೆ ಕತ್ತರಿಸುವ ಬ್ಯಾಟರಿ ಗರಗಸವೂ ಬೇಕಾಗಬಹುದು.

ಉಳಿಬಾಚಿ:
ಇದನ್ನು ಮೊದಲೇ ಹೇಳಬಾರದಿತ್ತೇ! ಲೆಕ್ಕ ಬದಲಾಯಿತು. ನಿಮಗೆ 18 ವೋಲ್ಟ್‌ ಕುಟುಂಬವೇ ಸರಿ. ಎರಡು ಬ್ಯಾಟರಿಯವರು ಈಗ ನಗಬಹುದು, ಆದರೆ ಕಾರಣ ಲಿಂಟಲ್‌ ಅಲ್ಲ, ಶೀಟು.

ಶೀಟಿನ ಸೆಲ್ಫ್‌ ಡ್ರಿಲ್ಲಿಂಗ್‌ (ತಾವೇ ತೂತು ಕೊರೆದುಕೊಳ್ಳುವ) ಸ್ಕ್ರೂಗಳನ್ನು ಪೈಪಿಗೆ ಇಳಿಸಲು ಇಂಪ್ಯಾಕ್ಟ್‌ ಡ್ರೈವರ್‌ಗೆ ಸಮ ಇಲ್ಲ. ಅದು ತಿರುಗುವ ದಿಕ್ಕಿನಲ್ಲೇ ಬಡಿಯುತ್ತದೆ, ಹಾಗಾಗಿ ನಿಮ್ಮ ಮಣಿಕಟ್ಟು ತಿರುಚುವುದಿಲ್ಲ. ಗೋಡೆ ಕೊರೆಯಲು ಅದು ಬರುವುದಿಲ್ಲ. ಅಂಗಡಿಯಲ್ಲಿ ಇಂಪ್ಯಾಕ್ಟ್‌ ಎಂದಷ್ಟೇ ಹೇಳಿದರೆ ಹ್ಯಾಮರ್‌ ಡ್ರಿಲ್ಲನ್ನೇ ಕೈಗಿಡುತ್ತಾರೆ. ಮುಂದೆ ಚಕ್‌ ಇರದೆ ಕಾಲಿಂಚಿನ ಷಟ್ಕೋನ ತೂತು ಇರುವುದನ್ನು ಕೇಳಿ ಪಡೆಯಿರಿ. 12 ವೋಲ್ಟ್‌ನಲ್ಲೂ ಅದು ಬರುತ್ತದೆ, ಹತ್ತು ಸ್ಕ್ರೂಗೆ ಪರವಾಗಿಲ್ಲ, ಇಡೀ ಚಪ್ಪರಕ್ಕೆ ಬ್ಯಾಟರಿ ಬದಲಿಸುವುದೇ ಕೆಲಸವಾಗುತ್ತದೆ.

ಈಗ 18 ವೋಲ್ಟ್‌ ಹ್ಯಾಮರ್‌ ಡ್ರಿಲ್‌, ಎರಡು 2 ಆಂಪಿಯರ್‌ ಅವರ್‌ ಬ್ಯಾಟರಿ, ಚಾರ್ಜರ್‌ ಇರುವ ಕಿಟ್‌ ಕೊಳ್ಳಿ. ಹಣ ಉಳಿಸಲು ಬ್ರಷ್‌ ಇರುವ ಮಾದರಿಯಾದರೂ ಅಡ್ಡಿಯಿಲ್ಲ, ಮನೆ ಕೆಲಸಕ್ಕೆ ಕಾರ್ಬನ್‌ ಬ್ರಷ್‌ ವರ್ಷಗಟ್ಟಲೆ ಬರುತ್ತದೆ. ಇಂಪ್ಯಾಕ್ಟ್‌ ಡ್ರೈವರ್‌ ಬರೀ ಯಂತ್ರವನ್ನು ಭಾವನವರಿಂದ ತರಿಸಿ. ರೋಟರಿ ಹ್ಯಾಮರನ್ನು ಸದ್ಯಕ್ಕೆ ಊರಿನ ಎಲೆಕ್ಟ್ರಿಷಿಯನ್‌ ಬಳಿ ಒಂದು ಮಧ್ಯಾಹ್ನಕ್ಕೆ ಕೇಳಿ ತನ್ನಿ. ಲಿಂಟಲ್‌ನ ತೂತುಗಳು ಒಮ್ಮೆ ಮುಗಿದರೆ ಮುಗಿದವು. ಐದು ಯಂತ್ರಗಳ ಕಿಟ್‌ನಲ್ಲಿ ಮೂರು ಪೆಟ್ಟಿಗೆಯಲ್ಲೇ ಮಲಗುತ್ತವೆ, ಅವುಗಳಲ್ಲಿ ಒಂದು ಟಾರ್ಚು.

ಎರಡು ಬ್ಯಾಟರಿ:
ನಕ್ಕೆ. ಬ್ಯಾಟರಿಯ ಆಂಗಲ್‌ ಗ್ರೈಂಡರ್‌ (ಕಬ್ಬಿಣ ಕತ್ತರಿಸುವ, ಉಜ್ಜುವ ಯಂತ್ರ) ಕೂಡ ಸೇರಿಸಿಕೊಳ್ಳಲಿ. ಮರದ ಬ್ಲೇಡ್‌ ಹಾಕಿದರೆ ಗರಗಸದ ಖರ್ಚೂ ಉಳಿಯುತ್ತದೆ.

ಉಳಿಬಾಚಿ:
ಅದೊಂದು ಬೇಡ. ಗ್ರೈಂಡರ್‌ಗೆ ಹಲ್ಲಿನ ಮರದ ಬ್ಲೇಡ್‌ ಹಾಕಿದರೆ ಸಿಕ್ಕಿಕೊಂಡ ಕ್ಷಣದಲ್ಲಿ ಯಂತ್ರ ಮೈಮೇಲೆ ಎಗರುತ್ತದೆ. ಗಾರ್ಡ್‌ ಕಳಚಿ ಓಡಿಸುವವರೇ ಹೆಚ್ಚು. 2 ಆಂಪಿಯರ್‌ ಅವರ್‌ ಬ್ಯಾಟರಿ ಗ್ರೈಂಡರ್‌ಗೆ ನಿಮಿಷಗಳ ಮಾತು. ಅದು ವೈರ್‌ ಇರುವುದೇ ಇರಲಿ.

ತೋಟದಮನೆ:
ಕೊನೆಯ ಅನುಮಾನ. ಕರೆಂಟು ಹೋದಾಗ ಮನೆಯ ಇನ್ವರ್ಟರ್‌ನಲ್ಲಿ ಚಾರ್ಜ್‌ ಮಾಡಬಹುದೇ? ಮಳೆಗಾಲದಲ್ಲಿ ಬ್ಯಾಟರಿ ಎಲ್ಲಿಡಬೇಕು?

ಎಸ್‌.ಪಿ. ರಸ್ತೆ ಅಲೆಮಾರಿ:
ಸೈನ್‌ ವೇವ್‌ ಇನ್ವರ್ಟರ್‌ ಆಗಿದ್ದರೆ ಧಾರಾಳವಾಗಿ ಮಾಡಿ. 18 ವೋಲ್ಟ್‌, 2 ಆಂಪಿಯರ್‌ ಅವರ್‌ ಬ್ಯಾಟರಿಯಲ್ಲಿರುವುದು 36 ವಾಟ್‌ ಅವರ್‌, ಫ್ಯಾನು ಅರ್ಧ ಗಂಟೆ ತಿರುಗಿದಷ್ಟು ಖರ್ಚು. ಹಳೆಯ ಸ್ಕ್ವೇರ್‌ ವೇವ್‌ ಆಗಿದ್ದರೆ ಬೇಡ, ಚಾರ್ಜರ್‌ ಬಿಸಿಯಾಗುತ್ತದೆ, ಕೆಲವು ಗುಂಯ್‌ಗುಡುತ್ತವೆ. ಅಡುಗೆಮನೆಯ ಅಟ್ಟದಲ್ಲಿ ಇಡಬೇಡಿ, ಒಲೆಯ ಶಾಖ ಅಲ್ಲಿಗೇ ಹೋಗುತ್ತದೆ. ಮುಚ್ಚಳವಿರುವ ಪ್ಲಾಸ್ಟಿಕ್‌ ಡಬ್ಬಿಯಲ್ಲಿ ಒಣ ಜಾಗದಲ್ಲಿಡಿ. ತಿಂಗಳುಗಟ್ಟಲೆ ಬಳಸುವುದಿಲ್ಲ ಎಂದಾದರೆ ಅರ್ಧ ಚಾರ್ಜ್‌ನಲ್ಲಿ, ಯಂತ್ರದಿಂದ ಕಳಚಿ ಇಡಿ. ಕೆಲಸ ಮಾಡಿ ಬಿಸಿಯಾದ ಬ್ಯಾಟರಿಯನ್ನು ತಣಿಸದೆ ಚಾರ್ಜರ್‌ಗೆ ಹಾಕಿದರೆ ಒಳ್ಳೆಯ ಚಾರ್ಜರ್‌ ಅದು ತಣಿಯುವವರೆಗೆ ತಾನೇ ತಡೆದು ನಿಲ್ಲುತ್ತದೆ, ದೀಪ ಮಿನುಗುತ್ತದೆ. ಕೆಟ್ಟಿದೆ ಎಂದು ಅಂಗಡಿಗೆ ಓಡಬೇಡಿ.

ಉಳಿಬಾಚಿ:
ಶೀಟಿಗೆ 8 ಮಿ.ಮೀ. ಸಾಕೆಟ್‌, ಅಯಸ್ಕಾಂತ ಇರುವುದು, ಎರಡು ತಂದಿಡಿ. ಒಂದು ಮೇಲಿನಿಂದ ಬಿದ್ದು ಕಳೆದೇ ಕಳೆಯುತ್ತದೆ. ಸ್ಕ್ರೂನ ರಬ್ಬರ್‌ ವಾಷರ್‌ ಅಂಚಿನಿಂದ ಹೊರಗೆ ಉಬ್ಬುವ ಮೊದಲೇ ಟ್ರಿಗರ್‌ ಬಿಡಿ. ಇಂಪ್ಯಾಕ್ಟ್‌ ಡ್ರೈವರ್‌ಗೆ ಡ್ರಿಲ್‌ನಂತೆ ತಡೆ ಉಂಗುರ (ಸ್ಕ್ರೂ ಸಾಕಷ್ಟು ಬಿಗಿಯಾದಾಗ ತಿರುಗಿಸುವುದನ್ನು ತಡೆಯುವ ಕ್ಲಚ್‌) ಇಲ್ಲ, ಬಿಡದಿದ್ದರೆ ವಾಷರ್‌ ಹರಿದು ಅಲ್ಲಿಂದಲೇ ಸೋರುತ್ತದೆ.